ದುಡ್ಡು ಕೊಟ್ಟಿದ್ದು ಪಿ 2.6ಕ್ಕೆ, ವೇದಿಕೆಗೆ ಬಂದಿದ್ದು ಪಿ 3.9: ಎಲ್‌ಇಡಿ ವಾಲ್ ಬಾಡಿಗೆಗೆ ಪಡೆಯುವವರು ದಯವಿಟ್ಟು ಓದಿ

ಕಂಪನಿಯ ಸಮ್ಮೇಳನಕ್ಕೆ ಬೇಕಾದ ಪರದೆ, ಧ್ವನಿ, ಬೆಳಕು ಎಲ್ಲವನ್ನೂ ಒಬ್ಬರ ಕೈಗೇ ಒಪ್ಪಿಸುವ ಹೊಣೆ ನಿಮ್ಮ ಮೇಲಿದ್ದರೆ ಇದನ್ನು ಪೂರ್ತಿ ಓದಿ. ಹನ್ನೊಂದು ದಿನ ಕಳೆದರೂ ನನ್ನ ಸಿಟ್ಟು ಇಳಿದಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ, ನಮ್ಮ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಿಗೆ ಮುಖ ತೋರಿಸಲು ನನಗೆ ಆಗುತ್ತಿಲ್ಲ. ಏಕೆಂದರೆ "ಇವರು ನಂಬಿಕಸ್ಥರು, ಅಡ್ವಾನ್ಸ್ ಬಿಡುಗಡೆ ಮಾಡಿ ಸರ್" ಎಂದು ಅವರ ಮೇಜಿನ ಮುಂದೆ ನಿಂತು ಹೇಳಿದವಳು ನಾನೇ.

ಬೆಂಗಳೂರಿನ ವಿಮಾನ ನಿಲ್ದಾಣ ರಸ್ತೆಯ ಸಭಾಂಗಣವೊಂದರಲ್ಲಿ ನಮ್ಮ ವಿತರಕರ ವಾರ್ಷಿಕ ಸಮ್ಮೇಳನ ನಿಗದಿಯಾಗಿತ್ತು. ಬರುವವರು 1,200 ಜನ. ಮೂರು ಕೊಟೇಶನ್ ತರಿಸಿ, ಮಧ್ಯದ ದರದವರನ್ನು ಆರಿಸಿದ್ದೆವು. ಮೊದಲ ಭೇಟಿಯಲ್ಲಿ ಆ ಸಂಸ್ಥೆಯ ಮಾಲೀಕರು ಒಂದು ಗಂಟೆ ಕುಳಿತು ಎಷ್ಟು ಚೆನ್ನಾಗಿ ಮಾತನಾಡಿದರೆಂದರೆ, ಮುಂದಿನ ಸಾಲು ವೇದಿಕೆಯಿಂದ ಮೂರೇ ಮೀಟರ್ ದೂರದಲ್ಲಿದೆ, ಕ್ಯಾಮೆರಾ ಚಿತ್ರೀಕರಣವೂ ಇದೆ, ಹಾಗಾಗಿ ಪಿ 2.6 ಎಲ್‌ಇಡಿ ವಾಲನ್ನೇ, ಅಂದರೆ ಸಣ್ಣ ಸಣ್ಣ ದೀಪಗಳ ಆ ಬಗೆಯ ದೊಡ್ಡ ಪರದೆಯನ್ನೇ, ಹಾಕಬೇಕು ಎಂದು ಅವರೇ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. 8 ಮೀಟರ್ ಅಗಲ, 4 ಮೀಟರ್ ಎತ್ತರ. ಒಟ್ಟು ಮೊತ್ತ 9,40,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಅಡ್ವಾನ್ಸ್ ಶೇ. 60.

ಹಿಂದಿನ ರಾತ್ರಿ ಹತ್ತಕ್ಕೆ ಸಭಾಂಗಣ ನಮ್ಮ ಕೈಗೆ ಬಂತು. ಹತ್ತೂವರೆಗೆ ಬರಬೇಕಿದ್ದ ಲಾರಿ ಬಂದದ್ದು ಒಂದೂವರೆಗೆ. ಇಳಿಸುತ್ತಿದ್ದ ಕಪ್ಪು ಪೆಟ್ಟಿಗೆಗಳ ಮೇಲೆ ಬಿಳಿ ಬಣ್ಣದಲ್ಲಿ ಬೇರೆಯೇ ಸಂಸ್ಥೆಯ ಹೆಸರಿತ್ತು. ಅಲ್ಲಿದ್ದ ಹುಡುಗನನ್ನು ಕೇಳಿದೆ. ಅವನು ಏನನ್ನೂ ಮುಚ್ಚಿಡದೆ ಹೇಳಿದ: "ಅಕ್ಕ, ನಾವು ಬಾಡಿಗೆಗೆ ಬಂದವರು. ನಿನ್ನೆ ಸಾಯಂಕಾಲ ಫೋನ್ ಮಾಡಿ 3.9 ಇದೆಯಾ ಅಂತ ಕೇಳಿದ್ರು, ಇದೆ ಅಂದ್ವಿ."

ನಿನ್ನೆ ಸಾಯಂಕಾಲ! ನಾವು ಅಡ್ವಾನ್ಸ್ ಕೊಟ್ಟು ಇಪ್ಪತ್ತೆರಡು ದಿನವಾಗಿತ್ತು.

ಮಾಲೀಕರು ಐದನೆಯ ಕರೆಗೆ ಫೋನ್ ಎತ್ತಿದರು. 2.6 ಹೇಳಿದ್ದಿರಿ, ಇಲ್ಲಿ 3.9 ಬಂದಿದೆಯಲ್ಲ ಎಂದೆ. ಅವರು ಒಂದು ಕ್ಷಣವೂ ತಡವರಿಸದೆ ಕೊಟ್ಟ ಉತ್ತರವನ್ನು ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ: "ಮೇಡಂ, 3.9 ಅಂದ್ರೆ ಅದಕ್ಕಿಂತ ಮೇಲಿನದು. ನಿಮಗೋಸ್ಕರ ಅಪ್‌ಗ್ರೇಡ್ ಮಾಡಿ ಕಳಿಸಿದ್ದೀನಿ, ಎಕ್ಸ್‌ಟ್ರಾ ಚಾರ್ಜ್ ಇಲ್ಲ."

ನಾನು ಅದನ್ನು ನಂಬಿದೆ. ನಂಬಿದ್ದಷ್ಟೇ ಅಲ್ಲ, "ಥ್ಯಾಂಕ್ಸ್ ಸರ್" ಎಂದು ಹೇಳಿ ಫೋನ್ ಇಟ್ಟೆ. ಈ ಮಾತು ನೆನಪಾದಾಗಲೆಲ್ಲ ಇಂದಿಗೂ ಮೈಯೆಲ್ಲ ಉರಿಯುತ್ತದೆ.

ಬೆಳಗಿನ ಐದಕ್ಕೆ ವಾಲ್ ನಿಂತಿತು. ಆಪರೇಟರ್ ನಮ್ಮ ವಿನ್ಯಾಸಕಾರನನ್ನು ಫೈಲ್ ಯಾವ ಅಳತೆಯಲ್ಲಿದೆ ಎಂದು ಕೇಳಿದ. 3072 ಇಂಟು 1536 ಪಿಕ್ಸೆಲ್ ಎಂದ ನಮ್ಮ ಹುಡುಗ. ಆಪರೇಟರ್ ತಲೆಯಾಡಿಸಿ, "ಈ ವಾಲ್‌ನಲ್ಲಿ ಇರೋದೇ 2048 ಇಂಟು 1024" ಎಂದ. ಆಗ ಅವನೇ ನನಗೆ ಬಿಡಿಸಿ ಹೇಳಿದ. ಪಿ ಪಕ್ಕದ ಸಂಖ್ಯೆಯೆಂದರೆ ಒಂದು ದೀಪದಿಂದ ಇನ್ನೊಂದು ದೀಪಕ್ಕೆ ಎಷ್ಟು ಮಿಲಿಮೀಟರ್ ಅಂತರವೆಂಬುದು. ಸಂಖ್ಯೆ ದೊಡ್ಡದಾದಷ್ಟೂ ಚಿತ್ರ ಒರಟು, ಬಾಡಿಗೆಯೂ ಕಡಿಮೆ. ವಾಲ್ ಕಟ್ಟಲು ಜೋಡಿಸುವ ಅರ್ಧ ಮೀಟರಿನ ಒಂದು ಚೌಕ ಪೆಟ್ಟಿಗೆಯಲ್ಲಿ 2.6ಕ್ಕೆ ಅಡ್ಡಸಾಲಿಗೆ 192 ದೀಪಗಳಿದ್ದರೆ 3.9ಕ್ಕೆ 128 ಮಾತ್ರ. ನಮ್ಮ ವಾಲ್‌ಗೆ ಇಂಥ 128 ಪೆಟ್ಟಿಗೆಗಳು. ಒಟ್ಟು ಲೆಕ್ಕ ಹಾಕಿದರೆ ನಾವು ದುಡ್ಡು ಕೊಟ್ಟ ದೀಪಗಳಲ್ಲಿ ಅರ್ಧಕ್ಕಿಂತ ಕಡಿಮೆ ನಮ್ಮ ವೇದಿಕೆಯ ಮೇಲಿದ್ದವು. ಅದನ್ನು ಅಪ್‌ಗ್ರೇಡ್ ಎಂದು ಹೇಳಿ, ನನ್ನಿಂದಲೇ ಥ್ಯಾಂಕ್ಸ್ ಹೇಳಿಸಿಕೊಂಡರು.

ಮತ್ತೆ ಕರೆ ಮಾಡಿದೆ. ಈ ಸಲ ಧಾಟಿಯೇ ಬದಲಾಗಿತ್ತು. "ಈಗ ಬೆಳಗಿನ ಜಾವ ಎಲ್ಲಿಂದ ತರ್ಲಿ ಮೇಡಂ? ಅಡ್ಜಸ್ಟ್ ಮಾಡ್ಕೊಳ್ಳಿ. ಬರೋ ಜನಕ್ಕೆ ಇದೆಲ್ಲ ಗೊತ್ತಾಗಲ್ಲ."

ಗೊತ್ತಾಯಿತು. ಮಾರಾಟದ ಅಂಕಿಗಳ ಕೋಷ್ಟಕ ಬಂದಾಗ ಮುಂದಿನ ಸಾಲಿನ ಹಿರಿಯ ವಿತರಕರೊಬ್ಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ತಪ್ಪು ಅವರ ಕನ್ನಡಕದ್ದಲ್ಲ, ಅಕ್ಷರಗಳೇ ಒಡೆದಿದ್ದವು. ಚಿತ್ರೀಕರಣದಲ್ಲಿ ವಾಲ್ ಕಂಡಲ್ಲೆಲ್ಲ ಅಲೆಅಲೆಯಾದ ಗೆರೆಗಳು. ಎಂಟು ಎಂದಿದ್ದ ಕಾರ್ಡ್‌ಲೆಸ್ ಮೈಕುಗಳಲ್ಲಿ ಬಂದದ್ದು ನಾಲ್ಕು. ಪಕ್ಕದ ಸಭಾಂಗಣದವರೂ ಅದೇ ಫ್ರೀಕ್ವೆನ್ಸಿ ಬಳಸುತ್ತಿದ್ದುದನ್ನು ಯಾರೂ ಪರೀಕ್ಷಿಸಿರಲಿಲ್ಲವಾದ್ದರಿಂದ, ನಮ್ಮ ಅಧ್ಯಕ್ಷರು ತೀರಿಕೊಂಡ ಸಹೋದ್ಯೋಗಿಯೊಬ್ಬರನ್ನು ನೆನೆದು ಮಾತನಾಡುತ್ತಿರುವಾಗ, ನಮ್ಮ ಸ್ಪೀಕರುಗಳಲ್ಲಿ ಯಾವುದೋ ಮದುವೆಯ ನಿರೂಪಕಿಯ ಧ್ವನಿ ಕೇಳಿಬಂತು. ಅಧ್ಯಕ್ಷರು ಮಾತು ನಿಲ್ಲಿಸಿ ನನ್ನತ್ತ ನೋಡಿದರು. ಆ ನೋಟವನ್ನು ನಾನು ಮರೆಯಲಾರೆ.

ಊಟಕ್ಕೆ ಸ್ವಲ್ಪ ಮೊದಲು ಪರದೆ ನಾಲ್ಕು ನಿಮಿಷ ಪೂರ್ತಿ ಕಪ್ಪಾಯಿತು. ವಾಲ್‌ಗೆ ಚಿತ್ರ ಕಳಿಸುವ ಪ್ರೊಸೆಸರ್ ಕೈಕೊಟ್ಟಿತ್ತು. ಒಂದು ನಿಂತರೆ ಇನ್ನೊಂದು ಇರಲೆಂದು ಎರಡು ಪ್ರೊಸೆಸರ್‌ಗಳಿಗೆ ಮಾತಾಗಿತ್ತು, ಬಂದದ್ದು ಒಂದೇ. ಆ ನಾಲ್ಕು ನಿಮಿಷ ಬೆವರು ಸುರಿಸಿ ಅದನ್ನು ಮತ್ತೆ ಎಬ್ಬಿಸಿದವರು ಬಾಡಿಗೆಗೆ ಬಂದಿದ್ದ ಆ ಹುಡುಗರೇ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಮಾಲೀಕರು ಮಾತ್ರ ಅಂದು ಸಭಾಂಗಣದತ್ತ ತಲೆಹಾಕಲೂ ಇಲ್ಲ.

ಮೂರನೆಯ ದಿನ ಪೂರ್ತಿ ಮೊತ್ತದ ಬಿಲ್ ಬಂತು. ಎಂಟು ಮೈಕುಗಳ ಬಾಡಿಗೆಯೂ ಸೇರಿ! ಬಾಕಿ ಕೊಡುವುದಿಲ್ಲ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಪಿ 2.6 ಅಂತ ವರ್ಕ್ ಆರ್ಡರ್‌ನಲ್ಲಿ ಎಲ್ಲಿದೆ, ತೋರಿಸಿ." ತೆಗೆದು ನೋಡಿದೆ. ಮೊದಲ ಕೊಟೇಶನ್‌ನಲ್ಲಿ "ಪಿ 2.6 ಎಲ್‌ಇಡಿ ವಾಲ್" ಎಂದಿದ್ದ ಸಾಲು, 40,000 ರೂಪಾಯಿ ಕಡಿಮೆ ಮಾಡಿ ಕಳಿಸಿದ ಎರಡನೆಯದರಲ್ಲಿ "ಹೈ ರೆಸಲ್ಯೂಶನ್ ಎಲ್‌ಇಡಿ ವಾಲ್" ಎಂದಾಗಿತ್ತು. "ಎರಡು ಪ್ರೊಸೆಸರ್" ಎಂಬುದು ಬರೀ "ಪ್ರೊಸೆಸರ್" ಆಗಿತ್ತು. ದರ ಇಳಿಯಿತೆಂಬ ಸಂತೋಷದಲ್ಲಿ ನಾನು ಕೆಳಗಿನ ಒಟ್ಟು ಮೊತ್ತವನ್ನಷ್ಟೇ ನೋಡಿ, ಅದನ್ನೇ ವರ್ಕ್ ಆರ್ಡರ್‌ಗೆ ಲಗತ್ತಿಸಿದ್ದೆ. ಮೈಕಿನ ಸಾಲೊಂದೇ ಹಾಗೆಯೇ ಉಳಿದಿತ್ತು. "ಕಾರ್ಯಕ್ರಮ ಮುಗೀತಲ್ಲ ಮೇಡಂ, ನಿಂತೇನೂ ಹೋಗ್ಲಿಲ್ವಲ್ಲ" ಎಂದರು. ಹೀಗೆ ಹೇಳುವವರ ಜೊತೆ ಏನು ಮಾತನಾಡುವುದು?

ಆದ್ದರಿಂದ ದಯವಿಟ್ಟು, ಪಿಚ್ (ಪಿ ಪಕ್ಕದ ಆ ಸಂಖ್ಯೆ) ಎಷ್ಟು, ಪೆಟ್ಟಿಗೆಗಳೆಷ್ಟು, ಪೂರ್ತಿ ವಾಲ್‌ನ ಪಿಕ್ಸೆಲ್ ಅಳತೆ ಎಷ್ಟು ಎಂಬುದನ್ನು ವರ್ಕ್ ಆರ್ಡರ್‌ನಲ್ಲೇ ಬರೆಸಿ. ಕೊಟೇಶನ್ ಪರಿಷ್ಕರಿಸಿ ಕಳಿಸಿದರೆ ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿ. ಸಾಮಾನು ಅವರದ್ದೇ ಆಗಿದ್ದರೆ ಗೋಡೌನ್ ತೋರಿಸಲು ಹೇಳಿ. ನಮ್ಮ ಮಾಲೀಕರು ಎರಡು ಸಲ "ಇವತ್ತು ಬೀಗದ ಕೈ ಇಲ್ಲ" ಎಂದಿದ್ದರು, ನಾನು ಅಲ್ಲಿಗೇ ಎಚ್ಚೆತ್ತುಕೊಳ್ಳಬೇಕಿತ್ತು. ಶೇ. 60 ಅಡ್ವಾನ್ಸ್ ಕೊಡಲೇಬೇಡಿ.

ಬಾಕಿ ಹಣವನ್ನು ನಾವು ತಡೆಹಿಡಿದಿದ್ದೇವೆ. ನಿನ್ನೆ ರಾತ್ರಿ ಅವರಿಂದ ಮತ್ತೊಂದು ಸಂದೇಶ ಬಂದಿದೆ: "ಮುಂದಿನ ವರ್ಷದ ಕಾರ್ಯಕ್ರಮಕ್ಕೆ ಒಳ್ಳೆ ರೇಟ್ ಕೊಡ್ತೀನಿ, ಈ ಬಿಲ್ ಕ್ಲಿಯರ್ ಮಾಡಿಬಿಡಿ." ಅದಕ್ಕೆ ನಾನು ಉತ್ತರ ಬರೆದಿಲ್ಲ. ಎರಡೂ ಕೊಟೇಶನ್‌ಗಳನ್ನು ಜೊತೆಗಿಟ್ಟು, ಆ ಸಂದೇಶವನ್ನೂ ಸೇರಿಸಿ, ಬೆಳಿಗ್ಗೆ ನಮ್ಮ ವಕೀಲರಿಗೆ ಕಳಿಸಿದ್ದೇನೆ.