ಮೊದಲನೇ ಡಿಎಸ್‌ಎಲ್‌ಆರ್ ತಗೊಳ್ಳೋರಿಗೆ: ಕ್ಯಾನನ್ 200ಡಿ ಮಾರ್ಕ್ ಟೂ, ಮೂರು ಲೆನ್ಸ್, ಒಂದೂವರಿ ವರ್ಷದ ಅನುಭವ

ಕ್ಯಾನನ್ 200ಡಿ ಮಾರ್ಕ್ ಟೂ ತಗೊಂಡು ನಂಗ ಒಂದೂವರಿ ವರ್ಷ ಆತ್ರಿ. ಬಾಡಿ, ಅಂದ್ರ ಲೆನ್ಸ್ ಇಲ್ಲದ ಬರೇ ಕ್ಯಾಮೆರಾ, ಅದರ ಜೋಡಿ ಬಂದ 18-55 ಕಿಟ್ ಲೆನ್ಸ್, ಆಮ್ಯಾಲೆ ತಗೊಂಡ 50 ಎಂಎಂ, ಕಡೀಕ ತಗೊಂಡ 55-250, ಇಷ್ಟ ನನ್ನ ಚೀಲದಾಗ ಇರೂದು. ಈ ನಂಬರ್ ಲೆನ್ಸಿನ ಎಂಎಂ, ಅದು ಹೆಚ್ಚಾದಂಗ ದೂರದ್ದು ಹತ್ರ ಕಾಣ್ತೈತಿ, ಆದ್ರ ಫ್ರೇಮಿನ್ಯಾಗ ಹಿಡಿಯೂದು ಕಡಿಮಿ ಆಗ್ತೈತಿ. ಗದಗಿನ್ಯಾಗ ಒಂದು ಪಿಯು ಕಾಲೇಜಿನ ಲ್ಯಾಬಿನ್ಯಾಗ ಕೆಲಸ ಮಾಡ್ತೀನಿ, ಅಲ್ಲಿ ಹುಡುಗ್ರು ನನ್ನ ಕ್ಯಾಮೆರಾ ನೋಡಿದ ಕೂಡ್ಲೆ ಕೇಳೂದು ಒಂದ ಪ್ರಶ್ನೆ, "ಮ್ಯಾಡಂ ಎಷ್ಟ್ ಮೆಗಾಪಿಕ್ಸೆಲ್ ಐತ್ರಿ?" 24.1 ಅಂತ ಹೇಳ್ತೀನಿ, ಆದ್ರ ಆ ನಂಬರ್ ನೋಡಿ ಕ್ಯಾಮೆರಾ ಆರಿಸಬ್ಯಾಡ್ರಿ ಅಂತ ಜೋಡೀನ ಹೇಳ್ತೀನಿ, ಯಾಕಂದ್ರ ಈ ರೇಟಿನ ಎಲ್ಲಾ ಡಿಎಸ್‌ಎಲ್‌ಆರೂ ಹೆಚ್ಚೂಕಡಿಮಿ 24ರ ಆಜೂಬಾಜೂನ ಅದಾವು.

ನಮ್ಮ ಕಾಕಾ ರೋಣದಾಗ ಮದುವಿ ಫೋಟೋ ತಗೀತಾರ, ರೀಲ್ ಕಾಲದಿಂದ. ಕ್ಯಾಮೆರಾ ತಗೋಬೇಕು ಅಂದಾಗ ನಾ ಮೊದಲು ಅವರಿಗೆ ಫೋನ್ ಮಾಡಿದೆ, ಯಾವ ಮಾಡೆಲ್ ಅಂತ ಹೇಳ್ತಾರ ಅನ್ಕೊಂಡಿದ್ದೆ. ಅವರು ಹೇಳಿದ್ದ ಬ್ಯಾರೆ. "ಯವ್ವಾ, ಮಾಡೆಲ್ ಆಮ್ಯಾಲೆ ನೋಡೂಣು. ಹದಿನೈದ ದಿನ ಮೊಬೈಲಿನ್ಯಾಗ ಏನೇನ್ ತಗೀತಿ ಎಲ್ಲಾ ಒಂದ ಹಾಳ್ಯಾಗ ಬರಕೊ. ಅದು ನಿನ್ನಿಂದ ಎಷ್ಟ ಹೆಜ್ಜಿ ದೂರ ಇತ್ತು, ಬೆಳಕ ಹೆಂಗಿತ್ತು, ನಿಂತಿತ್ತೋ ಅಲ್ಲಾಡತಿತ್ತೋ. ಆ ಹಾಳಿ ತಗೊಂಡ ಬಾ." ಖರೇ ಹೇಳ್ತೀನಿ, ಒಂದೂವರಿ ವರ್ಷದಾಗ ನಾ ನೋಡಿದ ವಿಡಿಯೋ, ಓದಿದ ರಿವ್ಯೂ ಎಲ್ಲಾದಕ್ಕಿಂತ ಆ ಒಂದು ಹಾಳಿ ಹೆಚ್ಚು ಉಪಯೋಗಕ್ಕ ಬಂತು.

ಹಾಳ್ಯಾಗ ಬರದಿದ್ದು ಏನಂದ್ರ, ಅವ್ವ ರೊಟ್ಟಿ ಬಡಿಯೂದು, ಎರಡ ಹೆಜ್ಜಿ, ಒಂದ ಕಿಡಕಿ ಬೆಳಕು, ಕೈ ಅಲ್ಲಾಡತಾವು. ಲಕ್ಕುಂಡಿ ಕಾಶಿವಿಶ್ವೇಶ್ವರ ಗುಡಿ ಬಾಗಿಲದ ಕೆತ್ತನಿ, ನಾಕ ಹೆಜ್ಜಿ, ಬೆಳಕ ಐತಿ, ಕಲ್ಲು ಎಲ್ಲೂ ಹೋಗಂಗಿಲ್ಲ. ಅಲ್ಲೇ ಅತ್ತಿಮಬ್ಬಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗಿನ ನಾಕು ಮುಖದ ಬ್ರಹ್ಮ, ಮೂರ್ನಾಕ ಹೆಜ್ಜಿ, ಕತ್ಲಿ. ನಮ್ಮ ಗದಗ ಜಿಲ್ಲಾದ ಮಾಗಡಿ ಕೆರಿಯೊಳಗ ಚಳಿಗಾಲಕ್ಕ ಬರೂ ಪಟ್ಟೆತಲೆ ಹೆಬ್ಬಾತು, ನೂರಕ್ಕಿಂತ ಹೆಚ್ಚು ಹೆಜ್ಜಿ, ಬೆಳಕ ಭರಪೂರ, ಯಾವಾಗ ಹಾರ್ತಾವು ಗೊತ್ತಿಲ್ಲ. ಇಷ್ಟ ನೋಡಿ ಕಾಕಾ ಅಂದ್ರು, ಇದಕ್ಕ ಯಾವ ಬಾಡಿ ಆದ್ರೂ ನಡೀತೈತಿ, ಆದ್ರ ಒಂದ ಲೆನ್ಸಿನಿಂದ ಆಗಂಗಿಲ್ಲ, ಹಿಂಗಾಗಿ ರೊಕ್ಕ ಎಲ್ಲಾ ಬಾಡಿಗೆ ಹಾಕಬ್ಯಾಡ.

ಇಲ್ಲಿ ಒಂದ ಲೆಕ್ಕ ಹೇಳ್ತೀನಿ, ಲ್ಯಾಬಿನ್ಯಾಗ ಇರೂದಕ್ಕ ನಂಗ ಹಿಂಗ ತಿಳಕೊಂಡ್ರ ಹಗುರ ಆಗ್ತೈತಿ. ಕ್ಯಾನನ್ನಿನ ಈ ಕ್ಯಾಮೆರಾದ ಸೆನ್ಸರ್, ಅಂದ್ರ ಬೆಳಕ ಬಿದ್ದು ಫೋಟೋ ಮೂಡೂ ಚಿಪ್, ಅದರ ಅಗಲ 22.3 ಮಿಲಿಮೀಟರ್. ನಿಮ್ಮ ಮುಂದಿನ ವಸ್ತು ಎಷ್ಟು ಮೀಟರ್ ದೂರ ಐತಿ ಅದನ್ನ 22ರಿಂದ ಗುಣಿಸಿ ಲೆನ್ಸಿನ ಎಂಎಂನಿಂದ ಭಾಗಿಸ್ರಿ, ಫ್ರೇಮಿನ ಅಡ್ಡಕ್ಕ ಎಷ್ಟು ಮೀಟರ್ ಹಿಡೀತೈತಿ ಅನ್ನೂದು ಅಂದಾಜ ಸಿಗತೈತಿ. ಅವ್ವ ಎರಡ ಹೆಜ್ಜಿ, ಅಂದ್ರ ಒಂದೂವರಿ ಮೀಟರ್. 18 ಎಂಎಂನ್ಯಾಗ ಸುಮಾರು 1.8 ಮೀಟರ್ ಅಗಲ ಬರ್ತೈತಿ, ಅವ್ವ, ಒಲಿ, ಹಂಚು, ರೊಟ್ಟಿ ಬುಟ್ಟಿ ಎಲ್ಲಾ ಕೂಡ್ತಾವು. 50 ಎಂಎಂನ್ಯಾಗ 66 ಸೆಂಟಿಮೀಟರ್ ಅಷ್ಟ. ಮುಖ ಹಿಡದ್ರ ರೊಟ್ಟಿ ಇಲ್ಲ, ರೊಟ್ಟಿ ಹಿಡದ್ರ ಮುಖ ಇಲ್ಲ. ಈ ಲೆಕ್ಕ ನಾ 50 ತಗೊಂಡ ಮ್ಯಾಲೆ ಮಾಡಿದೆ, ಮೊದಲ ಮಾಡಿದ್ರ ಏನ್ ತಗೊಳ್ತಿದ್ದೆ ಅನ್ನೂದು ಮುಂದ ಹೇಳ್ತೀನಿ.

ಖರೀದಿಗೆ ಹುಬ್ಬಳ್ಳಿಗೆ ಹೋದ್ವಿ, ಕೊಪ್ಪೀಕರ್ ರೋಡಿಗೆ, ಕಾಕಾನೂ ಬಂದಿದ್ರು. ಮೊದಲನೇ ಅಂಗಡಿಯವ್ರು ನಾ ಏನ್ ಫೋಟೋ ತಗೀತೀನಿ ಅಂತ ಒಂದ ಮಾತ ಕೇಳ್ಲಿಲ್ಲ, ಎರಡ ಲೆನ್ಸಿನ ಸೆಟ್ಟು, ಚೀಲ, ಟ್ರೈಪಾಡು, ಯುವಿ ಫಿಲ್ಟರ್ ಎಲ್ಲಾ ಟೇಬಲ್ ಮ್ಯಾಲೆ ಜೋಡಿಸಿ ಇಷ್ಟಕ್ಕ ಇಷ್ಟು ಅಂದ್ರು. ಕ್ಯಾಮೆರಾ ಕೈಯಾಗ ಕೊಡ್ರಿ ಅಂದ್ರ ಸೀಲ್ ಒಡಿಯಂಗಿಲ್ಲ ಅಂದ್ರು, ಡಿಸ್‌ಪ್ಲೇ ಪೀಸೂ ಇಲ್ಲ. ನಂಗ ಭಾಳ ಬ್ಯಾಸರ ಆತು, ಎರಡು ವರ್ಷ ಕೂಡಿಸಿದ ರೊಕ್ಕ, ಮುಟ್ಟಿ ನೋಡದ ಹೆಂಗ ಕೊಡೂದು? ಅದ ರೋಡಿನ್ಯಾಗ ಇನ್ನೊಂದ ಅಂಗಡಿಯವ್ರು ಅರ್ಧ ತಾಸು ಕುಂಡ್ರಿಸಿ ಎರಡು ಮೂರು ಬಾಡಿ ಕೈಗೆ ಕೊಟ್ಟು ಬಾಗಿಲಕ್ಕ ನಿಂತು ರೋಡಿನ ಫೋಟೋ ತಗಿಯಾಕ ಬಿಟ್ರು. ಅಲ್ಲೇ ತಗೊಂಡ್ವಿ. ಬಿಲ್ಲಿನ್ಯಾಗ ಬಾಡಿ ಸೀರಿಯಲ್ ನಂಬರ್ ಬರಸ್ಕೊಂಡು, ಬಾಕ್ಸು, ವಾರಂಟಿ ಕಾರ್ಡು, ಕ್ಯಾಮೆರಾದ ತಳಾ, ಮೂರೂ ಕಡೆ ಅದ ನಂಬರ್ ಐತೋ ಇಲ್ಲೋ ಅಂತ ಕಾಕಾ ಕುಂತು ನೋಡಿದ್ರು. ನೀವೂ ನೋಡ್ರಿ, ಬಿಲ್ ಬ್ಯಾಡ ಅಂದ್ರ ಸೋವಿ ಕೊಡ್ತೀನಿ ಅಂದ್ರ ಎದ್ದ ಬರ್ರಿ.

ನಿಕಾನ್ ಡಿ5600 ಕೂಡ ಕೈಯಾಗ ಹಿಡದು ನೋಡಿದೆ. ಖರೇ ಅಂದ್ರ ಅದರ ಹಿಡಿಕಿ ಇದಕ್ಕಿಂತ ಚಲೋ, ವ್ಯೂಫೈಂಡರ್‌ನ್ಯಾಗ (ಕಣ್ಣಿಟ್ಟು ನೋಡೂ ಕಿಂಡಿ) 39 ಫೋಕಸ್ ಪಾಯಿಂಟು, ಅಂದ್ರ ಕ್ಯಾಮೆರಾ ಫೋಕಸ್ ಹಿಡಿಯೂ ಜಾಗಾ, ಅದಾವು, 200ಡಿ ಮಾರ್ಕ್ ಟೂನ್ಯಾಗ ಬರೇ 9. ಹಾರೂ ಹಕ್ಕಿ ಒಂದ ನಿಮ್ಮ ಜೀವ ಅಂದ್ರ ನಿಕಾನ್ ಕಡೆ ನೋಡ್ರಿ. ನಾ ಕ್ಯಾನನ್ ತಗೊಂಡಿದ್ದಕ್ಕ ಮುಖ್ಯ ಕಾರಣ ಕಾಕಾನ ಹತ್ರ ಕ್ಯಾನನ್ ಐತಿ ಅನ್ನೂದು. ಒಂದ ದಿನಕ್ಕ ಲೆನ್ಸ್ ಬೇಕಾದ್ರ ರೋಣಕ್ಕ ಹೋಗಿ ತರಬಹುದು, ಏನರ ತಿಳೀಲಿಲ್ಲ ಅಂದ್ರ ಅದ ಮೆನು ಅವರಿಗೂ ಗೊತ್ತು. ನಿಮ್ಮ ಮನಿಯಾಗೋ ಗೆಳ್ಯಾರ ಹತ್ರಾನೋ ಯಾವ ಕಂಪನಿದು ಐತಿ ನೋಡ್ರಿ, ಅದು ಸಣ್ಣ ಮಾತಲ್ಲ. ಇನ್ನೊಂದ, ಹಳೇ ಲೆನ್ಸ್ ಹುಡುಕಿ ತಗೊಳ್ಳೋರು ಇದನ್ನ ನೆನಪಿಡ್ರಿ: ಕ್ಯಾನನ್ ಇಎಫ್ ಲೆನ್ಸ್ 1987ರಿಂದ ಬಂದಾವು, ಫೋಕಸ್ ಮೋಟಾರು ಲೆನ್ಸಿನ ಒಳಗ ಇರ್ತೈತಿ, ಹಿಂಗಾಗಿ ಹಳೇವೂ ಈ ಬಾಡಿ ಮ್ಯಾಲೆ ಆಟೋಫೋಕಸ್ ಆಗ್ತಾವು. ನಿಕಾನ್ ಡಿ3500, ಡಿ5600 ಬಾಡಿಯೊಳಗ ಮೋಟಾರ್ ಇಲ್ಲ, ಅದಕ್ಕ ಸೋವಿ ಸಿಕ್ತು ಅಂತ ಒಳಗ ಮೋಟಾರ್ ಇಲ್ಲದ ಹಳೇ ಎಎಫ್-ಡಿ ಲೆನ್ಸ್ ತಂದ್ರ ಫೋಕಸ್ ಕೈಲೇ ತಿರುವಬೇಕು. ಲೆನ್ಸಿನ ಮ್ಯಾಲೆ ಎಎಫ್-ಎಸ್ ಇಲ್ಲಾ ಎಎಫ್-ಪಿ ಅಂತ ಇದ್ರಷ್ಟ ತಗೋರಿ, ಅವಕ್ಕ ಒಳಗ ಮೋಟಾರ್ ಇರ್ತೈತಿ.

ಈಗ ಬಾಡಿ ಬಗ್ಗೆ. ಬ್ಯಾಟರಿ, ಕಾರ್ಡ್ ಹಾಕಿದ ಮ್ಯಾಲೂ 449 ಗ್ರಾಂ ಅಷ್ಟ, ದಿನಾ ಕಾಲೇಜಿಗೆ ಒಯ್ಯಾಕ ಭಾರ ಅನಿಸಂಗಿಲ್ಲ. ಕಣ್ಣಿಗಿಟ್ಟು ತಗದ್ರ ಒಂದ ಚಾರ್ಜಿಗೆ 1070 ಫೋಟೋ ಅಂತ ಕಂಪನಿ ಹೇಳೂದು, ಮಾಗಡಿ ಕೆರಿಗೆ ಮುಂಜಾನೆ ಹೋಗಿ ಸಂಜಿಕೆ ಬಂದ್ರೂ ನಂದು ಒಮ್ಮೆನೂ ಖಾಲಿ ಆಗಿಲ್ಲ. ಮಿರರ್‌ಲೆಸ್ (ಒಳಗ ಕನ್ನಡಿ ಇಲ್ಲದ, ಯಾವಾಗ್ಲೂ ಸ್ಕ್ರೀನಿನ್ಯಾಗ ನೋಡಿ ತಗಿಯೂ ಕ್ಯಾಮೆರಾ) ಬಿಟ್ಟು ಡಿಎಸ್‌ಎಲ್‌ಆರ್ ತಗೊಳ್ಳಾಕ ಇದೂ ಒಂದ ಕಾರಣ. ಹಿಂದಿನ ಸ್ಕ್ರೀನ್ ನೋಡಿ ತಗದ್ರ ಮಾತ್ರ 320ಕ್ಕ ಇಳೀತೈತಿ. ಆದ್ರ ಆ ಸ್ಕ್ರೀನಿನ್ಯಾಗ ಫೋಕಸ್ ವ್ಯೂಫೈಂಡರ್‌ಗಿಂತ ಚಲೋ, ಮುಖ ಹುಡುಕ್ತೈತಿ, ಕಣ್ಣನ್ನೂ ಹುಡುಕ್ತೈತಿ, ಹೊರಗ ತಿರುವಿ ನೆಲದ ಮಟ್ಟಕ್ಕ ಇಟ್ಟು ನೋಡಬಹುದು. ಮುತ್ತ್ಯಾನ ಫೋಟೋ, ಓಣಿ ಕೂಸುಗಳ ಫೋಟೋ ಎಲ್ಲಾ ನಾ ಹಂಗ ತಗಿಯೂದು.

ಸೇರದ ಮಾತು ಎರಡ ಅದಾವು. ಕಾರ್ಡು ಬ್ಯಾಟರಿ ಜೋಡಿ ತಳದಾಗ ಐತಿ, ಟ್ರೈಪಾಡ್ ಪ್ಲೇಟ್ ಹಾಕಿದ್ರ ಬಾಗಿಲ ತಗಿಯಾಕ ಬರಂಗಿಲ್ಲ. ಅದಕ್ಕಿಂತ ದೊಡ್ಡದು, ಮ್ಯಾಲೆ ಫ್ಲ್ಯಾಶ್ ಕೂಡಿಸೂ ಜಾಗಾದಾಗ ನಡುವಿನ ಪಿನ್ನ ಇಲ್ಲ. ಕ್ಯಾನನ್ನಿನ ಇನ್ನೊಂದ ಮಾಡೆಲ್ 1500ಡಿನ್ಯಾಗೂ ಇಲ್ಲ. ಒಂದ ಪಿನ್ನಿನ ಸೋವಿ ಫ್ಲ್ಯಾಶ್ ಹಾಕಿದ್ರ ಹೊತ್ತಂಗಿಲ್ಲ, ಕಾಕಾನ ಹಳೇ ಫ್ಲ್ಯಾಶ್ ಹಾಕಿ ನೋಡಿದಾಗ ಹಿಂಗ ಆಗಿ ನಂಗ ಗೊತ್ತಾತು. ಮದುವಿ ಆರ್ಡರ್ ಹಿಡೀಬೇಕು ಅನ್ನೋರು ಇದನ್ನ ಮೊದಲ ವಿಚಾರ ಮಾಡ್ರಿ.

18-55 ಕಿಟ್ ಲೆನ್ಸನ್ನ ಭಾಳ ಮಂದಿ ಹಗುರಕ ನೋಡ್ತಾರ, ಅದು ಸರಿ ಅಲ್ಲ ಅಂತೀನಿ ನಾನು. ಲಕ್ಕುಂಡಿಯೊಳಗ ಮುಂಜಾನೆ ಎಳೀ ಬಿಸಿಲು ಗ್ವಾಡಿಗೆ ಅಡ್ಡ ಬೀಳೂ ಹೊತ್ತಿಗೆ ಎಫ್ 8 ಇಟ್ಟು (ಎಫ್ ನಂಬರ್ ಸಣ್ಣದಾದಷ್ಟು ಲೆನ್ಸ್ ಹೆಚ್ಚು ತೆರದು ಬೆಳಕ ಹೆಚ್ಚು ಬರ್ತೈತಿ) ತಗದ ಫೋಟೋದಾಗ ಆ ಬಳಪದ ಕಲ್ಲಿನ ಒಂದೊಂದು ಎಳಿ ಕಾಣ್ತೈತಿ, ಅದಕ್ಕ ತುಟ್ಟಿ ಲೆನ್ಸ್ ಬೇಕಾಗೇ ಇಲ್ಲ. 25 ಸೆಂಟಿಮೀಟರ್ ತನಕ ಹತ್ರ ಹೋಗಿ ಫೋಕಸ್ ಮಾಡಬಹುದು. ಅದು ಸೋಲೂದು ಕತ್ಲ್ಯಾಗ. ಜಿನಾಲಯದ ಒಳಗ ಐಎಸ್‌ಓ (ಕಡಿಮಿ ಬೆಳಕನ್ನ ಕ್ಯಾಮೆರಾ ಎಷ್ಟು ಹೆಚ್ಚಿಸ್ತೈತಿ ಅನ್ನೂ ನಂಬರ್) 6400ಕ್ಕ ಹೋಗಬೇಕಾತು, ಬ್ರಹ್ಮನ ಮುಖದ ಮ್ಯಾಲೆ ರವಾ ಚೆಲ್ಲಿದಂಗ ಬಂತು. ಟ್ರೈಪಾಡ್ ಇಟ್ಟು ತಗಿಯೂದು ಅಲ್ಲಿ ಪರವಾನಗಿ ಇಲ್ಲದ ನಡಿಯಂಗಿಲ್ಲ.

ಅದಕ್ಕ 50 ಎಂಎಂ ಎಫ್ 1.8 ಎಸ್‌ಟಿಎಂ (ಲೆನ್ಸಿನ ಫೋಕಸ್ ಮೋಟಾರಿನ ನಮೂನಿ) ತಗೊಂಡೆ. 160 ಗ್ರಾಂ, ಅಂಗೈಯಾಗ ಕುಂಡ್ರತೈತಿ. ಕಿಟ್ ಲೆನ್ಸು 50ಕ್ಕ ಬಂದಾಗ ಎಫ್ 5.6 ಅಷ್ಟ ತೆರೀತೈತಿ, ಇದು 1.8, ಅಂದ್ರ ಹತ್ತಿರ ಒಂಬತ್ತು-ಹತ್ತು ಪಟ್ಟು ಹೆಚ್ಚು ಬೆಳಕು. 6400ರಾಗ ತಗದ ಅದ ಬ್ರಹ್ಮನ್ನ ಇದರೊಳಗ 800ರಾಗ ತಗದೆ, ನಾಕು ಮುಖದಾಗ ಕಾಣೂ ಮುಖದ ತುಟಿ ಗೆರಿ ಸೈತ ಬಂತು, ಅವತ್ತ ಮನಿಗೆ ಬಂದು ಅದನ್ನ ಎಷ್ಟ ಸಲ ನೋಡಿದೆನೋ. ಒಂದ ಎಚ್ಚರ, 1.8ರಾಗ ಮುಖಕ್ಕ ಎರಡ ಅಡಿ ಹತ್ರ ಹೋಗಿ ತಗದ್ರ ಸ್ಪಷ್ಟ ಬರೂ ಭಾಗ ಒಂದ ಬೆರಳ ದಪ್ಪ ಅಷ್ಟ, ಒಂದ ಕಣ್ಣ ಸ್ಪಷ್ಟ ಇನ್ನೊಂದ ಮಸಕ. 2.8ಕ್ಕೋ 4ಕ್ಕೋ ಇಡ್ರಿ.

ಆದ್ರ ಈ ಲೆನ್ಸ್ ನಮ್ಮ ಅಡಗಿ ಮನಿಗೆ ಆಗ್ಲಿಲ್ಲ. ಹಿಂದ ಸರಿಯಾಕ ಜಾಗಾ ಇಲ್ಲ, ಬೆನ್ನಿಗೆ ಗ್ವಾಡಿ ಬರ್ತೈತಿ. ಎಲ್ಲಾರೂ "ಮೊದಲ 50 ತಗೋರಿ" ಅಂತಾರ, ನಾನೂ ಹಾಳಿ ನೋಡದ ಅವರ ಮಾತ ನಂಬಿದೆ. ಆಮ್ಯಾಲೆ ಕಾಕಾ ಹೇಳಿದಂಗ ಕಿಟ್ ಲೆನ್ಸನ್ನ ಒಂದ ವಾರ 24ಕ್ಕ, ಒಂದ ವಾರ 35ಕ್ಕ, ಒಂದ ವಾರ 55ಕ್ಕ ಇಟ್ಟು, ಝೂಮ್ ಮುಟ್ಟದ ತಗದೆ. ಮನಿಯಾಗಿನ ಚಲೋ ಫೋಟೋ ಎಲ್ಲಾ 24ರ ವಾರದ್ದು. ಕ್ಯಾನನ್ 24 ಎಂಎಂ ಎಫ್ 2.8 ಅಂತ ಒಂದು ತೆಳ್ಳನ ಲೆನ್ಸ್ ಐತಿ, 125 ಗ್ರಾಂ, ನನ್ನ ಮನಿಗೆ ಅದ ಬೇಕಾಗಿತ್ತು. ಈ ಮೂರು ವಾರದ ಕೆಲಸಾನ ಎರಡನೇ ಲೆನ್ಸ್ ತಗೊಳ್ಳೂಕಿಂತ ಮೊದಲ ಮಾಡ್ರಿ, ರೊಕ್ಕ ಏನೂ ಹತ್ತಂಗಿಲ್ಲ.

55-250 ಎಸ್‌ಟಿಎಂ ಮಾಗಡಿ ಸಲುವಾಗಿ. ಆ ಕೆರಿ 2024ರ ಜನವರಿಯೊಳಗ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಜೌಗು ಪ್ರದೇಶದ ಪಟ್ಟಿಗೆ, ಸೇರೈತಿ, ಏರಿ ಮ್ಯಾಲೆ ನಿಂತ್ರ ಹಿಂಡಗಟ್ಟಲೆ ಬಾತು ನೀರಿನ್ಯಾಗ ಕುಂತಿರ್ತಾವು. ನೂರ ಮೂವತ್ತ ಹೆಜ್ಜಿ, ಸುಮಾರು 100 ಮೀಟರ್ ಅಂತ ಹಿಡೀರಿ. ಮ್ಯಾಲಿನ ಲೆಕ್ಕ ಹಾಕಿದ್ರ 250ರಾಗ ಫ್ರೇಮಿನ ಅಡ್ಡಕ್ಕ ಹತ್ತಿರ 9 ಮೀಟರ್, ಬಾತು ಇರೂದು ಮುಕ್ಕಾಲು ಮೀಟರ್. ಅಂದ್ರ ಫ್ರೇಮಿನ ಹನ್ನೆರಡನೇ ಒಂದು ಪಾಲು. ಒಂದ ಬಾತಿನ ಕಣ್ಣು, ರೆಕ್ಕಿ ಗರಿ ಬೇಕು ಅನ್ನೋರಿಗೆ ಈ ಲೆನ್ಸ್ ಸಾಲಂಗಿಲ್ಲ, ಯಾವ ಅಂಗಡಿಯವ್ರು ಏನ ಹೇಳಲಿ. ಹತ್ರ ಹೋಗ್ತೀನಿ ಅಂತ ನೀರಿನ ಕಡೆ ಇಳಿದು ಹಕ್ಕಿ ಎಬ್ಬಿಸಬ್ಯಾಡ್ರಿ, ಅಷ್ಟ ದೂರದಿಂದ ಹಾರಿ ಬಂದು ದಣದಿರ್ತಾವು. ಹಿಂಡು ಎದ್ದು ಹೊಲದ ಕಡೆ ಹೋಗೂದು ತಗಿಯಾಕ ಮಾತ್ರ 250 ಹೇಳಿ ಮಾಡಿಸಿದಂಗ ಐತಿ. ಶಟರ್ ಸೆಕೆಂಡಿನ 1/1250ಕ್ಕ ಇಡ್ರಿ, ಲೆನ್ಸಿನ್ಯಾಗ ನಡುಕ ತಡಿಯೂ ಐಎಸ್ ಐತಿ ಅಂತ ಶಟರ್ ವೇಗ ಕಡಿಮಿ ಇಡಬ್ಯಾಡ್ರಿ, ಐಎಸ್ ಕೈ ನಡುಗೂದು ತಡೀತೈತಿ ಹೊರ್ತು ರೆಕ್ಕಿ ಬಡಿಯೂದು ತಡಿಯಂಗಿಲ್ಲ. ಒಂಬತ್ತು ಪಾಯಿಂಟಿನ್ಯಾಗ ನಾ ನಡುವಿಂದೊಂದ ಬಳಸ್ತೀನಿ, ಅದ ಗಟ್ಟಿ ಹಿಡಿಯೂದು.

ನಮ್ಮ ಕಡೆ ಗಾಳಿ ಹೆಂಗ ಬೀಸ್ತೈತಿ ಗೊತ್ತಲ್ರಿ, ಕಪ್ಪತಗುಡ್ಡದ ದಾರ್ಯಾಗ ನಿಂತು ಲೆನ್ಸ್ ಬದಲಿ ಮಾಡಿದೆ, ಮನಿಗೆ ಬಂದು ನೋಡಿದ್ರ ಆಕಾಶದ ತುಂಬ ಕರೀ ಚುಕ್ಕಿ. ಸೆನ್ಸರ್ ಮ್ಯಾಲೆ ಧೂಳ ಕುಂತಿತ್ತು, ಎಫ್ 11 ದಾಟಿದ್ರ ಎದ್ದ ಕಾಣತಿತ್ತು. ಗಾಳಿ ಊದೂ ಬ್ಲೋವರ್‌ಲೆ ಹೋತು ಪುಣ್ಯಾಕ್ಕ. ಈಗ ಗಾಡಿ ಒಳಗ, ಬಾಡಿ ಬಾಯಿ ಕೆಳಗ ಮಾಡಿ ಬದಲಿ ಮಾಡ್ತೀನಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಎರಡ ಮಾತು. ಲೆನ್ಸಿನ ಹಿಂದಿಂದ ಮೊಬೈಲ್ ಟಾರ್ಚ್ ಹಚ್ಚಿ ಮುಂದಿಂದ ನೋಡ್ರಿ, ಜೇಡರ ಬಲಿಯಂಗ ಎಳಿ ಕಂಡ್ರ ಅದು ಫಂಗಸ್, ಬಿಟ್ಟ ಬರ್ರಿ. ಶಟರ್ ಎಷ್ಟ ಸಲ ಬಿದ್ದೈತಿ ಅನ್ನೂದು ನಿಕಾನ್ ಫೋಟೋ ಫೈಲಿನ ಒಳಗ ಸಿಗತೈತಿ, ಕ್ಯಾನನ್ನಿನ್ಯಾಗ ಬಹಳಷ್ಟು ಮಾಡೆಲ್‌ಗೆ ಹಂಗ ಸಿಗಂಗಿಲ್ಲ.

50 ಮಾರಬೇಕೇನು ಅಂತ ಕಾಕಾನ್ನ ಕೇಳಿದೆ. ಲಕ್ಕುಂಡಿಗೆ ಹೋಗೂದು ಬಿಟ್ಟಿ ಏನು ಅಂದ್ರು. ಬಿಟ್ಟಿಲ್ಲ. ಅದಕ್ಕ ಅದು ಇರ್ಲಿ, ಈ ಸಲ ದೀಪಾವಳಿಗೆ 24 ತರೂದು ಅಂತ ಮಾಡೀನಿ, ಅವ್ವನ ರೊಟ್ಟಿ ಫೋಟೋ ಇನ್ನೂ ಬಾಕಿ ಐತಿ.