ಕಲ್ಲಿದ್ದಲು ಗಣಿಗೆ ಸುರಕ್ಷತಾ ನಿಯಮದಿಂದ ವಿನಾಯಿತಿ: ಅಮೆರಿಕದ ಅರ್ಜಿ ವ್ಯವಸ್ಥೆಯ ವಿಮರ್ಶೆ

ಅಮೆರಿಕದ ಕಾರ್ಮಿಕ ಇಲಾಖೆಯ ಅಡಿಯಲ್ಲಿರುವ ಗಣಿ ಸುರಕ್ಷತೆ ಮತ್ತು ಆರೋಗ್ಯ ಆಡಳಿತ, ಅಂದರೆ ಎಂಎಸ್‌ಎಚ್‌ಎ, ಗಣಿ ನಡೆಸುವ ಕಂಪನಿಗೂ ಗಣಿ ಕಾರ್ಮಿಕರ ಪ್ರತಿನಿಧಿಗೂ ಸಮಾನವಾಗಿ ತೆರೆದಿಟ್ಟಿರುವ ಒಂದು ಸೇವೆಯಿದೆ. ನಮ್ಮ ಗಣಿಯಲ್ಲಿ ಇಂಥದೊಂದು ಸುರಕ್ಷತಾ ನಿಯಮವನ್ನು ಇದ್ದಂತೆಯೇ ಪಾಲಿಸುವುದರ ಬದಲು ಇನ್ನೊಂದು ಕ್ರಮವನ್ನು ಅನುಸರಿಸಲು ಒಪ್ಪಿಗೆ ಕೊಡಿ ಎಂದು ಕೇಳುವ ಮಾರ್ಪಾಡು ಅರ್ಜಿ ಅದು. ಕಲ್ಲಿದ್ದಲು ಗಣಿಗಳಿಗೆ ಸಂಬಂಧಿಸಿದ ಇಂಥ ಅರ್ಜಿಗಳನ್ನೂ ಅವುಗಳ ಮೇಲಿನ ಆದೇಶಗಳನ್ನೂ ಆಸಕ್ತಿಯಿಂದ ಓದಿಕೊಂಡು ಬಂದವನಾಗಿ, ಈ ಸೇವೆ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಡಿಲವಾಗಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಗಣಿ ಇಲ್ಲವಾದರೂ ರಾಯಚೂರಿನ ಮತ್ತು ಬಳ್ಳಾರಿಯ ವಿದ್ಯುತ್ ಸ್ಥಾವರಗಳು ಉರಿಸುವುದು ಕಲ್ಲಿದ್ದಲನ್ನೇ. ಸುರತ್ಕಲ್‌ನಲ್ಲಿ ಗಣಿ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಗಳಿಗಂತೂ ಈ ಆದೇಶಗಳು ಪಠ್ಯದಷ್ಟೇ ಉಪಯುಕ್ತವಾಗಿವೆ.

ಮೊದಲು ಇದರ ಅಡಿಪಾಯವನ್ನು ನೋಡಬೇಕು. 1968ರ ನವೆಂಬರಿನಲ್ಲಿ ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್‌ಟನ್ ಗಣಿಯಲ್ಲಿ ಸ್ಫೋಟವಾಗಿ 78 ಕಾರ್ಮಿಕರು ಸತ್ತ ಬಳಿಕ 1969ರ ಕಲ್ಲಿದ್ದಲು ಗಣಿ ಕಾಯ್ದೆ ಬಂತು. ಅದನ್ನು ಎಲ್ಲ ಬಗೆಯ ಗಣಿಗಳಿಗೆ ವಿಸ್ತರಿಸಿದ್ದು 1977ರ ಕಾಯ್ದೆ. ಆ ಕಾಯ್ದೆಯ ಪ್ರಕಾರ ಮಾರ್ಪಾಡು ಸಿಗುವುದು ಎರಡೇ ಕಾರಣಗಳಿಗೆ. ಅರ್ಜಿದಾರರು ಸೂಚಿಸಿದ ಬದಲಿ ಕ್ರಮವು ಮೂಲ ನಿಯಮ ಕೊಡುವಷ್ಟೇ ರಕ್ಷಣೆಯನ್ನು ಎಲ್ಲ ಹೊತ್ತಿನಲ್ಲೂ ಖಾತರಿಪಡಿಸಬೇಕು, ಇಲ್ಲವೇ ಆ ಗಣಿಯಲ್ಲಿ ನಿಯಮವನ್ನು ಪಾಲಿಸುವುದರಿಂದಲೇ ಕಾರ್ಮಿಕರ ಸುರಕ್ಷತೆ ಕುಗ್ಗುವಂತಿರಬೇಕು. ಖರ್ಚು ಹೆಚ್ಚಾಗುತ್ತದೆ, ಉತ್ಪಾದನೆ ಕುಂಠಿತವಾಗುತ್ತದೆ ಎಂಬ ವಾದಗಳಿಗೆ ಈ ಎರಡರಲ್ಲೂ ಜಾಗವಿಲ್ಲ. ವಿನಾಯಿತಿಯ ಪ್ರಶ್ನೆಯನ್ನು ಹಣದ ಲೆಕ್ಕದಿಂದ ಹೊರಗಿಟ್ಟು ಕಾರ್ಮಿಕನ ಜೀವದ ಲೆಕ್ಕದಲ್ಲಿ ಮಾತ್ರ ಇಟ್ಟಿರುವುದು ಈ ಸೇವೆಯ ಅತಿ ದೊಡ್ಡ ಗುಣ ಎಂದು ನಾನು ನಂಬುತ್ತೇನೆ.

ಎರಡನೆಯ ಕಾರಣ ಕೇಳಲು ವಿಚಿತ್ರವೆನಿಸಬಹುದು. ಸುರಕ್ಷತಾ ನಿಯಮವೇ ಅಪಾಯ ತರುವುದು ಹೇಗೆ? ಕಲ್ಲಿದ್ದಲಿನ ಪದರ ತೆಳುವಾಗಿರುವ ಗಣಿಗಳು ಇದಕ್ಕೆ ಉತ್ತರ ಕೊಡುತ್ತವೆ. ಮೇಲಿನಿಂದ ಕಲ್ಲು ಕುಸಿದರೆ ಚಾಲಕನನ್ನು ಕಾಪಾಡಲೆಂದು ಯಂತ್ರಗಳಿಗೆ ಲೋಹದ ಚಾವಣಿ ಇರಬೇಕೆಂಬ ನಿಯಮವಿದೆ. ಸುರಂಗದ ಎತ್ತರ ತೀರಾ ಕಡಿಮೆ ಇರುವಲ್ಲಿ ಅದೇ ಚಾವಣಿ ಚಾಲಕನ ನೋಟಕ್ಕೆ ಅಡ್ಡ ಬರುತ್ತದೆ, ಮೇಲ್ಭಾಗದ ಬಂಡೆಯನ್ನು ಹಿಡಿದಿಟ್ಟಿರುವ ಬೋಲ್ಟುಗಳಿಗೆ ತಾಗುತ್ತದೆ, ದಾರಿ ಕಾಣದ ಚಾಲಕ ತಲೆಯನ್ನು ಹೊರಗೆ ಚಾಚುವಂತೆ ಮಾಡುತ್ತದೆ. ಈ ವಾದವನ್ನು ಮುಂದಿಟ್ಟು ಅನೇಕ ಗಣಿಗಳು ಅರ್ಜಿ ಹಾಕಿದ್ದವು. ಪ್ರತಿಯೊಂದು ಗಣಿಯ ಪದರದ ಎತ್ತರ, ಯಂತ್ರದ ಅಳತೆ ಬೇರೆ ಬೇರೆಯಾದ್ದರಿಂದ ಇಲ್ಲಿ ಗಣಿಗೊಂದರಂತೆ ತೀರ್ಮಾನಿಸುವ ಕ್ರಮ ಸಂಪೂರ್ಣ ಸಮರ್ಥನೀಯವಾಗಿದೆ.

ಅರ್ಜಿ ಸಾಗುವ ದಾರಿ ಸ್ಪಷ್ಟವಾಗಿದೆ. ಕಂಪನಿ ಅರ್ಜಿ ಹಾಕಿದರೆ ಅದರ ಪ್ರತಿಯನ್ನು ಕಾರ್ಮಿಕರ ಪ್ರತಿನಿಧಿಗೆ ಕೊಡಬೇಕು; ಸಾರಾಂಶ ಫೆಡರಲ್ ರಿಜಿಸ್ಟರ್ ಎಂಬ ಸರಕಾರಿ ರಾಜಪತ್ರದಲ್ಲಿ ಪ್ರಕಟವಾಗಿ, 30 ದಿನಗಳೊಳಗೆ ಯಾರು ಬೇಕಾದರೂ ಅಭಿಪ್ರಾಯ ಸಲ್ಲಿಸಬಹುದು. ಬಳಿಕ ತನಿಖೆ, ಅದರ ಮೇಲೆ ಪ್ರಸ್ತಾವಿತ ಆದೇಶ. ಆದೇಶ ಒಪ್ಪಿಗೆಯಾಗದವರು ಆಡಳಿತಾತ್ಮಕ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು, ಅಲ್ಲಿಂದ ಕಾರ್ಮಿಕ ಇಲಾಖೆಯ ಸಹಾಯಕ ಕಾರ್ಯದರ್ಶಿಗೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿ ಹಾಕಿದ ಮಾತ್ರಕ್ಕೆ ಮೂಲ ನಿಯಮದಿಂದ ಬಿಡುಗಡೆ ಸಿಗುವುದಿಲ್ಲ. ತಾತ್ಕಾಲಿಕ ಪರಿಹಾರ ಬೇಕಿದ್ದರೆ ಅದನ್ನು ಪ್ರತ್ಯೇಕವಾಗಿ ಕೇಳಿ, ಸಮರ್ಥಿಸಿಕೊಳ್ಳಬೇಕು.

2025ರವರೆಗೆ ಜಾರಿಯಲ್ಲಿದ್ದ ಭಾರತದ 1952ರ ಗಣಿ ಕಾಯ್ದೆಯ 83ನೇ ಕಲಮು ಕೂಡ ವಿನಾಯಿತಿಯ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿತ್ತು. ಅಲ್ಲಿ ವಿನಾಯಿತಿ ರೂಪುಗೊಳ್ಳುತ್ತಿದ್ದುದು ರಾಜಪತ್ರದ ಅಧಿಸೂಚನೆಯ ಮೂಲಕ. ಗಣಿಯೊಳಗೆ ಇಳಿಯುವವನು ತೀರ್ಮಾನಕ್ಕೆ ಮುಂಚೆಯೇ ಕಕ್ಷಿದಾರನಾಗಿ ನಿಲ್ಲುವ ಅಮೆರಿಕದ ಏರ್ಪಾಡು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಈ ಸೇವೆಯ ನಿಜವಾದ ಗುಣಮಟ್ಟ ತಿಳಿಯುವುದು ಷರತ್ತುಗಳನ್ನು ಓದಿದಾಗ. ಸರ್ವೆ ಉಪಕರಣಗಳ ಅರ್ಜಿಗಳನ್ನೇ ತೆಗೆದುಕೊಳ್ಳೋಣ. ಮೀಥೇನ್ ಅನಿಲ ಸೇರಬಹುದಾದ ಜಾಗಗಳಲ್ಲಿ, ಅಂದರೆ ಕಲ್ಲಿದ್ದಲು ಕಡಿಯುವ ಮುಖದ ಸಮೀಪ ಮತ್ತು ಬಳಸಿದ ಗಾಳಿ ಹೊರಹೋಗುವ ಸುರಂಗಗಳಲ್ಲಿ, ಕಿಡಿಯಿಂದ ಸ್ಫೋಟವಾಗದಂತೆ ಪರೀಕ್ಷಿಸಿ ಅನುಮೋದಿಸಿದ ವಿದ್ಯುತ್ ಉಪಕರಣಗಳನ್ನು ಮಾತ್ರ ಬಳಸಬೇಕು. ಕೋನ ಮತ್ತು ದೂರವನ್ನು ಅಳೆಯುವ, ಬ್ಯಾಟರಿಯಿಂದ ನಡೆಯುವ ಇಂದಿನ ಟೋಟಲ್ ಸ್ಟೇಷನ್‌ಗಳಿಗೆ ಆ ಅನುಮೋದನೆ ಇಲ್ಲ. ಅನುಮೋದನೆ ಇದ್ದ ಹಳೆಯ ಉಪಕರಣಗಳು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂಬುದು ಕಂಪನಿಗಳ ಅಳಲು. ಇದನ್ನು ಕೇವಲ ಅನುಕೂಲದ ಮಾತೆಂದು ತಳ್ಳಿಹಾಕುವಂತಿಲ್ಲ. 2002ರ ಜುಲೈನಲ್ಲಿ ಪೆನ್ಸಿಲ್ವೇನಿಯಾದ ಕ್ವೆಕ್ರೀಕ್ ಗಣಿಯಲ್ಲಿ ಕೆಲಸ ಮಾಡುತ್ತಿದ್ದವರು ನೀರು ತುಂಬಿದ್ದ ಪಕ್ಕದ ಹಳೆಯ ಗಣಿಗೆ ತೂತು ಕೊರೆದುಬಿಟ್ಟರು, ಏಕೆಂದರೆ ಅವರ ಬಳಿಯಿದ್ದ ನಕ್ಷೆಯಲ್ಲಿ ಆ ಹಳೆಯ ಗಣಿಯ ವಿಸ್ತಾರ ಪೂರ್ತಿಯಾಗಿ ಇರಲಿಲ್ಲ. ಒಳಗೆ ಸಿಲುಕಿದ ಒಂಬತ್ತು ಮಂದಿಯೂ ಬದುಕಿ ಬಂದದ್ದು ಅದೃಷ್ಟ ಮತ್ತು ಅಸಾಧಾರಣ ರಕ್ಷಣಾ ಕಾರ್ಯದ ಫಲ. ನಿಖರವಾದ ಸರ್ವೆ ಎಂಬುದು ಗಣಿಯಲ್ಲಿ ಸುರಕ್ಷತೆಯ ಒಂದು ಅಂಗವೇ ಆಗಿದೆ.

ಹಾಗೆಂದು ಇಲಾಖೆ ಸುಮ್ಮನೆ ಒಪ್ಪಿಬಿಡುವುದಿಲ್ಲ. ಉಪಕರಣವನ್ನು ಅರ್ಹ ವ್ಯಕ್ತಿ ಪರೀಕ್ಷಿಸಿ ದಾಖಲಿಸಬೇಕು, ಬಳಕೆಗೆ ಮುನ್ನ ಮೀಥೇನ್ ಅಳೆಯಬೇಕು, ಬಳಸುವಾಗ ನಿರಂತರ ನಿಗಾ ಇಡಬೇಕು, ಅನಿಲ ಶೇಕಡಾ 1.0 ತಲುಪಿದರೆ ಕೂಡಲೇ ಉಪಕರಣ ಆರಿಸಿ ಹೊರಗೆ ಸಾಗಿಸಬೇಕು, ಕಲ್ಲಿದ್ದಲಿನ ಧೂಳು ಗಾಳಿಯಲ್ಲಿ ತೇಲುತ್ತಿದ್ದರೆ ಅದನ್ನು ಬಳಸಲೇಬಾರದು, ಬ್ಯಾಟರಿ ಬದಲಿಸುವುದು ಶುದ್ಧ ಗಾಳಿ ಒಳಬರುವ ಕಡೆಯೇ ಆಗಬೇಕು ಎಂಬಂಥ ಷರತ್ತುಗಳು ಸಾಲಾಗಿ ಬರುತ್ತವೆ. ಆದೇಶವಾದ ಮೇಲೆ ಆ ಗಣಿಯ ಮಟ್ಟಿಗೆ ಇವುಗಳನ್ನು ಪಾಲಿಸಲೇಬೇಕು.

ಉಸಿರುಕವಚಗಳ ಪ್ರಕರಣ ಇನ್ನೂ ಸೂಕ್ಷ್ಮವಾದುದು. ಬ್ಯಾಟರಿಯ ಪುಟ್ಟ ಫ್ಯಾನಿನಿಂದ ಗಾಳಿಯನ್ನು ಸೋಸಿ ಮುಖಕ್ಕೆ ಒದಗಿಸುವ, 3ಎಂ ಕಂಪನಿಯ ಏರ್‌ಸ್ಟ್ರೀಮ್ ಹೆಲ್ಮೆಟ್ 2020ರಲ್ಲಿ ನಿಂತುಹೋಯಿತು. ಅದರ ಜಾಗಕ್ಕೆ ಬಂದ ಉಪಕರಣಗಳು ಇತರ ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ ಪರೀಕ್ಷೆಗೊಂಡಿದ್ದರೂ ಎಂಎಸ್‌ಎಚ್‌ಎ ಅನುಮೋದನೆ ಇಲ್ಲದ ಕಾರಣ ಕಲ್ಲಿದ್ದಲು ಕಡಿಯುವ ಮುಖದ ಹತ್ತಿರ ಒಯ್ಯುವಂತಿರಲಿಲ್ಲ. ಧೂಳಿನಿಂದ ಕಪ್ಪು ಶ್ವಾಸಕೋಶ ರೋಗಕ್ಕೆ ತುತ್ತಾಗುವ ಕಾರ್ಮಿಕನಿಗೆ ರಕ್ಷಣೆ ಬೇಕು, ಆ ರಕ್ಷಣೆಯ ಸಾಧನವೇ ಸ್ಫೋಟಕ್ಕೆ ಕಿಡಿಯಾಗಲೂಬಾರದು. ಆರೋಗ್ಯ ನಿಯಮಗಳಿಗೆ ಈ ಅರ್ಜಿಯಲ್ಲಿ ಮಾರ್ಪಾಡು ಕೇಳುವಂತಿಲ್ಲ. ವಿದ್ಯುತ್ ಸುರಕ್ಷತೆಯ ನಿಯಮಕ್ಕೆ ಮಾತ್ರ ಕೇಳಬಹುದು. ಶ್ವಾಸಕೋಶದ ಸಲುವಾಗಿ ವಿದ್ಯುತ್ ನಿಯಮದ ಬಾಗಿಲು ತಟ್ಟಬೇಕಾದ ಈ ಸ್ಥಿತಿಯಲ್ಲಿ ಅರ್ಜಿ ವ್ಯವಸ್ಥೆ ಇಲ್ಲದೆ ಹೋಗಿದ್ದರೆ ಕಾರ್ಮಿಕರಿಗೆ ಬೇರೆ ದಾರಿಯೇ ಇರುತ್ತಿರಲಿಲ್ಲ.

ಆದರೆ ಸೇವೆಯ ದೌರ್ಬಲ್ಯ ಎದ್ದು ಕಾಣುವುದೂ ಇಲ್ಲಿಯೇ. ಗಣಿಯಿಂದ ಗಣಿಗೆ ಹೆಸರು ಬದಲಾದ, ವಾಕ್ಯಗಳು ಬದಲಾಗದ ಅರ್ಜಿಗಳು ಬರುತ್ತಲೇ ಇರುತ್ತವೆ, ಪ್ರತಿಯೊಂದೂ ತಿಂಗಳುಗಟ್ಟಲೆ ಕಾಯುತ್ತದೆ. ಒಂದೇ ಪ್ರಶ್ನೆ ಎಲ್ಲೆಡೆ ಏಳುತ್ತಿದೆಯೆಂದರೆ ಉತ್ತರ ನಿಯಮದಲ್ಲಿಯೇ ಇರಬೇಕು. 2002ರಲ್ಲಿ, ಕಲ್ಲಿದ್ದಲಿನ ಉದ್ದನೆಯ ಗೋಡೆಯನ್ನು ಒಂದೇ ಸಮನೆ ಕಡಿಯುವ ಲಾಂಗ್‌ವಾಲ್ ಯಂತ್ರಗಳ ಅಧಿಕ ವೋಲ್ಟೇಜ್ ವಿದ್ಯುತ್ತಿಗೆ ಸಂಬಂಧಿಸಿ ಹಾಗೆಯೇ ಆಯಿತು. ಅಲ್ಲಿಯವರೆಗೆ ಅರ್ಜಿಗಳಿಂದ ನಡೆಯುತ್ತಿದ್ದುದು ಸಾಮಾನ್ಯ ನಿಯಮವಾಯಿತು. 2024ರ ಡಿಸೆಂಬರಿನಲ್ಲಿ ಇತರ ಮಾನ್ಯ ಮಾನದಂಡಗಳನ್ನು ವಿದ್ಯುತ್ ಉಪಕರಣಗಳ ಅನುಮೋದನೆಗೆ ಸ್ವೀಕರಿಸುವ ನಿಯಮ ಪ್ರಕಟವಾದದ್ದು ಸ್ವಾಗತಾರ್ಹ, ಆದರೆ ಬಹಳ ತಡವಾದ ಹೆಜ್ಜೆ.

ವಿನಾಯಿತಿಯನ್ನು ನಿಯಮವಾಗಿಸುವಾಗ ಎಚ್ಚರವೂ ಬೇಕೆಂಬುದಕ್ಕೆ ಬೆಲ್ಟ್ ಗಾಳಿಯ ಇತಿಹಾಸ ಸಾಕ್ಷಿ. ಕನ್ವೇಯರ್ ಬೆಲ್ಟ್ ಓಡುವ ಸುರಂಗದ ಗಾಳಿಯನ್ನೇ ಕಲ್ಲಿದ್ದಲು ಕಡಿಯುವ ಮುಖಕ್ಕೆ ಹಾಯಿಸಲು ಹಿಂದೆ ಗಣಿಗೊಂದರಂತೆ ಒಪ್ಪಿಗೆ ಪಡೆಯಬೇಕಿತ್ತು. 2004ರಲ್ಲಿ ಅದು ಸಾಮಾನ್ಯ ನಿಯಮವಾಯಿತು. 2006ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯಾದ ಅರಾಕೋಮಾ ಗಣಿಯಲ್ಲಿ ಬೆಲ್ಟಿಗೆ ಬೆಂಕಿ ಹತ್ತಿ, ನಡುವೆ ಇರಬೇಕಾಗಿದ್ದ ತಡೆಗೋಡೆ ಇಲ್ಲದ್ದರಿಂದ ಪಾರಾಗುವ ದಾರಿಗೂ ಹೊಗೆ ನುಗ್ಗಿ ಇಬ್ಬರು ಸತ್ತರು. ಅದೇ ವರ್ಷ ಸಂಸತ್ತು ತಜ್ಞರ ಸಮಿತಿಯಿಂದ ಬೆಲ್ಟ್ ಗಾಳಿಯ ಮರುಪರಿಶೀಲನೆಗೆ ಆದೇಶಿಸಿತು, 2008ರ ಕೊನೆಗೆ ನಿಯಮ ಮತ್ತೆ ಬಿಗಿಯಾಯಿತು.

ನನ್ನ ಇನ್ನೊಂದು ಆಕ್ಷೇಪ ಆದೇಶಗಳ ಬರವಣಿಗೆಯ ಬಗ್ಗೆ. ಷರತ್ತುಗಳು ಪುಟಗಟ್ಟಲೆ ಇರುತ್ತವೆ. ತನಿಖಾಧಿಕಾರಿಗಳು ಗಣಿಯಲ್ಲಿ ಕಂಡದ್ದೇನು, ಬದಲಿ ಕ್ರಮ ಸಮಾನ ರಕ್ಷಣೆ ಕೊಡುತ್ತದೆಂದು ಅವರಿಗೆ ಮನವರಿಕೆಯಾದದ್ದು ಹೇಗೆ ಎಂಬ ಭಾಗ ಮಾತ್ರ ಚಿಕ್ಕದು. ಪರಿಸ್ಥಿತಿ ಬದಲಾದರೆ ಮಾರ್ಪಾಡನ್ನು ರದ್ದುಪಡಿಸಲು ಅವಕಾಶವಿದೆ, ಆದರೆ ಅದಕ್ಕೆ ಯಾರಾದರೂ ಮುಂದಾಗಬೇಕು. ಕೊಟ್ಟ ಪ್ರತಿಯೊಂದು ಮಾರ್ಪಾಡಿಗೂ ಅವಧಿ ನಿಗದಿಪಡಿಸಿ, ಅವಧಿ ಮುಗಿದಾಗ ಮೀಥೇನ್ ದಾಖಲೆಗಳನ್ನೂ ತಪಾಸಣೆಯ ವರದಿಗಳನ್ನೂ ಮುಂದಿಟ್ಟುಕೊಂಡು ಕಾರ್ಮಿಕರ ಪ್ರತಿನಿಧಿಯ ಸಮ್ಮುಖದಲ್ಲಿ ಮತ್ತೆ ತೀರ್ಮಾನಿಸುವುದು ಕಡ್ಡಾಯವಾಗಬೇಕು.

ಈ ಕೊರತೆಗಳಿದ್ದರೂ ಗಣಿ ಸುರಕ್ಷತೆಯಲ್ಲಿ ಆಸಕ್ತಿಯಿರುವವರಿಗೆ ಈ ಸೇವೆಯ ದಾಖಲೆಗಳನ್ನು ಓದಲು ನಾನು ಒತ್ತಾಯದಿಂದಲೇ ಶಿಫಾರಸು ಮಾಡುತ್ತೇನೆ. ಅರ್ಜಿಗಳೂ ಆದೇಶಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಹೊಸಬರು ಹಳೆಯ ತೈಲ ಮತ್ತು ಅನಿಲ ಬಾವಿಗಳ ಅರ್ಜಿಗಳಿಂದ ಆರಂಭಿಸುವುದು ಒಳ್ಳೆಯದು. ಬಾವಿಯ ಸುತ್ತ 300 ಅಡಿ ವ್ಯಾಸದ ಕಲ್ಲಿದ್ದಲನ್ನು ಕಡಿಯದೆ ಬಿಡಬೇಕೆಂಬುದು ನಿಯಮ; ಬಾವಿಯನ್ನು ಸ್ವಚ್ಛಗೊಳಿಸಿ, ಸಿಮೆಂಟು ತುಂಬಿ ಮುಚ್ಚಿ, ಅದರ ಮೂಲಕವೇ ಗಣಿಗಾರಿಕೆ ನಡೆಸುತ್ತೇವೆಂಬುದು ಅರ್ಜಿ. ಮೊದಲು ಮೂಲ ನಿಯಮವನ್ನು, ನಂತರ ಕಂಪನಿ ಕೇಳಿದ್ದನ್ನು, ಕೊನೆಗೆ ಇಲಾಖೆ ಸೇರಿಸಿದ ಷರತ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಯಾವ ಷರತ್ತು ಯಾವ ಅಪಾಯವನ್ನು ತಡೆಯಲು ಬಂದಿದೆ ಎಂಬುದು ತಾನಾಗಿ ತಿಳಿಯುತ್ತದೆ.