ಕಾಡು, ಕಡಲು ಎರಡೂ ಒಂದೇ ರಜೆಯಲ್ಲಿ: ಕಬಿನಿ–ಹ್ಯಾವ್‌ಲಾಕ್ ಮೇಲೋ, ಬೋರ್ನಿಯೊ ಮೇಲೋ?

ಕಾಡಿನ ಲಾಡ್ಜ್‌ನಲ್ಲೂ ಇರಬೇಕು, ದ್ವೀಪದ ರೆಸಾರ್ಟ್‌ನಲ್ಲೂ ಇರಬೇಕು, ಅದೂ ಒಂದೇ ರಜೆಯಲ್ಲಿ. ಈ ಆಸೆ ಇಟ್ಟುಕೊಂಡು ಬೆಂಗಳೂರಿನಿಂದ ಹೊರಡುವವರಿಗೆ ಎರಡು ಒಳ್ಳೆಯ ದಾರಿಗಳಿವೆ. ಒಂದು ನಮ್ಮದೇ ಕಬಿನಿ, ಆಮೇಲೆ ಅಂಡಮಾನಿನ ಹ್ಯಾವ್‌ಲಾಕ್. ಇನ್ನೊಂದು ಬೋರ್ನಿಯೊದ ಉತ್ತರ ತುದಿಯಲ್ಲಿರುವ ಮಲೇಷ್ಯಾದ ಸಬಾ ರಾಜ್ಯ. ಅಲ್ಲಿ ಕಿನಬತಂಗನ್ ನದಿ ದಡದ ಲಾಡ್ಜ್, ಸೆಂಪೊರ್ನ ಹತ್ತಿರದ ಮಬುಲ್ ದ್ವೀಪ. ನಾವು ಎರಡನ್ನೂ ಮಾಡಿದ್ದೇವೆ. ಮೊದಲನೆಯದಕ್ಕೆ ಅತ್ತೆಯೂ ಬಂದಿದ್ದರು. ಎರಡನೆಯದಕ್ಕೆ ನಾನು, ನಮ್ಮವರು, ಮಗಳು.

ಮೊದಲೇ ಹೇಳಿಬಿಡ್ತೀನಿ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಕಬಿನಿ–ಹ್ಯಾವ್‌ಲಾಕ್‌ಗೇ ಹೋಗಿ, ಯೋಚನೆ ಮಾಡೋದೇ ಬೇಡ. ಕಬಿನಿಯನ್ನು ಆಗಲೇ ಚೆನ್ನಾಗಿ ನೋಡಿರುವವರು, ಡೈವಿಂಗ್ ಬಲ್ಲವರು, ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮಾತ್ರ ರಜೆ ಸಿಗುವವರು ಬೋರ್ನಿಯೊಗೆ ಹೋಗಬಹುದು. ಇಂಥ ಜೋಡಿ ಪ್ರವಾಸ ಕೆಡುವುದು ಸಾಮಾನ್ಯವಾಗಿ ಕಾಡಿನಿಂದ ಕಡಲಿಗೆ ಹೋಗುವ ನಡುವಿನ ದಾರಿಯಲ್ಲಿ. ಅದಕ್ಕೇ ಅಲ್ಲಿಂದ ಶುರು ಮಾಡ್ತೀನಿ.

ಕಬಿನಿ ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್. ಮೈಸೂರು ದಾಟಿ ಎಚ್.ಡಿ. ಕೋಟೆ, ಅಂತರಸಂತೆ, ಕಾರಾಪುರ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಲಾಡ್ಜ್‌ನಲ್ಲಿ ಇರಬಹುದು. ತೊಡಕು ಇರೋದು ವಾಪಸ್ ಬರುವಾಗ. ಬೆಳಗಿನ ಸಫಾರಿ ಮುಗಿಸಿ ಸೀದಾ ದೇವನಹಳ್ಳಿಗೆ ಓಡಿ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಬೆಂಗಳೂರಿನಲ್ಲಿ ಒಂದು ರಾತ್ರಿ ಉಳಿಯಲೇಬೇಕು. ನಮಗೆ ಅದು ಅನುಕೂಲವೇ ಆಯ್ತು. ಧೂಳು ಹಿಡಿದ ಬಟ್ಟೆ ಮನೆಯಲ್ಲಿ ಹಾಕಿ, ಸಮುದ್ರದ ಬಟ್ಟೆ ತುಂಬಿಕೊಂಡು ಹೊರಟೆವು. ಪೋರ್ಟ್ ಬ್ಲೇರ್‌ಗೆ ನೇರ ವಿಮಾನ ಸುಮಾರು ಎರಡೂವರೆ ಗಂಟೆ. ಆ ಊರಿಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು, ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ. ಟಿಕೆಟ್ ಹುಡುಕುವಾಗ ಎರಡೂ ಹೆಸರು ಗೊತ್ತಿರಲಿ. ಅಲ್ಲಿಂದ ಹ್ಯಾವ್‌ಲಾಕ್‌ಗೆ ಖಾಸಗಿ ದೋಣಿ ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ. ಸರ್ಕಾರಿ ಹಡಗು ನಿಧಾನ, ದರ ಕಡಿಮೆ. ಹೋಗುವಾಗ ಕಿಟಕಿ ತೆರೆಯದ ಎಸಿ ದೋಣಿಯಲ್ಲಿ ಅತ್ತೆಗೆ ದಾರಿಯುದ್ದಕ್ಕೂ ವಾಂತಿ. ಬರುವಾಗ ಸರ್ಕಾರಿ ಹಡಗಿನ ಡೆಕ್ ಮೇಲೆ ಗಾಳಿಗೆ ಮುಖ ಒಡ್ಡಿ ಕೂತು ಆರಾಮಾಗಿ ಬಂದರು. ಹೊಟ್ಟೆ ತೊಳಸುವ ಅಭ್ಯಾಸ ಇದ್ದವರಿಗೆ ನಿಧಾನದ ಹಡಗೇ ವಾಸಿ.

ಸಬಾದ ದಾರಿ ಇದಕ್ಕಿಂತ ಉದ್ದ. ಕ್ವಾಲಾಲಂಪುರಕ್ಕೆ ನಾಲ್ಕು ಗಂಟೆಯ ವಿಮಾನ, ಅಲ್ಲಿಂದ ತವಾವ್‌ಗೆ ಹೆಚ್ಚುಕಡಿಮೆ ಮೂರು ಗಂಟೆಯ ಇನ್ನೊಂದು ವಿಮಾನ. ಆಮೇಲೆ ಸೆಂಪೊರ್ನ ತನಕ ರಸ್ತೆ, ಸೆಂಪೊರ್ನದಿಂದ ಮಬುಲ್‌ಗೆ ಸ್ಪೀಡ್ ಬೋಟ್. ದ್ವೀಪ ಮುಗಿಸಿ ಕಾಡಿಗೆ ಹೋಗಲು ಲಹಾದ್ ದಾತು ಮೇಲೆ ಸುಕಾವ್ ಊರಿಗೆ ಅರ್ಧ ದಿನದ ರಸ್ತೆ. ದೇಶದೊಳಗಿನ ಪ್ರಯಾಣವೇ ಆದರೂ ಸಬಾದಲ್ಲಿ ಇಳಿದ ಕೂಡಲೇ ಪಾಸ್‌ಪೋರ್ಟ್ ಮತ್ತೊಮ್ಮೆ ತೋರಿಸಬೇಕು, ಆ ರಾಜ್ಯಕ್ಕೆ ತನ್ನದೇ ವಲಸೆ ನಿಯಮಗಳಿವೆ. ನಡುವಿನ ವಿಮಾನಕ್ಕೆ ಸಮಯ ಧಾರಾಳವಾಗಿ ಇಟ್ಟುಕೊಳ್ಳಿ.

ಯಾವುದು ಮೊದಲು ಅನ್ನೋದು ಎರಡೂ ಕಡೆ ಒಂದೇ ಅಲ್ಲ. ಕಬಿನಿಯಲ್ಲಿ ಬೆಳಿಗ್ಗೆ ಕತ್ತಲಿರುವಾಗಲೇ ಎಬ್ಬಿಸಿ ಚಹಾ ಕೊಟ್ಟು ಜೀಪ್ ಹತ್ತಿಸುತ್ತಾರೆ. ಮೈಕೈ ಕುಲುಕಾಡಿದ ಮೇಲೆ ಸಮುದ್ರದ ದಡದಲ್ಲಿ ಏನೂ ಮಾಡದೆ ಬಿದ್ದಿರೋದು ಹಿತ. ಹಾಗಾಗಿ ಇಲ್ಲಿ ಕಾಡು ಮೊದಲು. ಸಬಾದಲ್ಲಿ ಕಡಲು ಮೊದಲು. ಕಾರಣ ಡೈವಿಂಗ್. ಸ್ಕೂಬಾ ಮಾಡಿದ ಮೇಲೆ ಸುಮ್ನೆ ವಿಮಾನ ಹತ್ತುವ ಹಾಗಿಲ್ಲ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಬಿಡಬೇಕು. ದೇಹದಲ್ಲಿ ಕರಗಿರುವ ಸಾರಜನಕ ಹೊರಗೆ ಹೋಗಲು ಅಷ್ಟು ಹೊತ್ತು ಬೇಕು. ದ್ವೀಪ ಕೊನೆಗೆ ಇಟ್ಟರೆ ಕೊನೆಯ ದಿನ ನೀರು ನೋಡಿಕೊಂಡು ಕೂರಬೇಕಾಗುತ್ತೆ. ಮೊದಲು ಇಟ್ಟರೆ ಆ ಹೊತ್ತೆಲ್ಲ ನದಿಯ ಮೇಲೆ ತಾನಾಗಿ ಕಳೆಯುತ್ತೆ. ವಾಪಸ್ ವಿಮಾನವನ್ನು ಕಾಡಿಗೆ ಹತ್ತಿರದ ಸಂದಕಾನ್‌ನಿಂದ ಹಿಡಿಯಬಹುದು. ಹ್ಯಾವ್‌ಲಾಕ್‌ನಲ್ಲಿ ಈ ಚಿಂತೆ ಕಡಿಮೆ. ಡೈವ್ ಮಾಡಿದ ಮರುದಿನ ಹಡಗಿನಲ್ಲಿ ಪೋರ್ಟ್ ಬ್ಲೇರ್‌ಗೆ ಬಂದು, ರಾತ್ರಿ ಉಳಿದು, ಅದರ ಮರುದಿನ ವಿಮಾನ ಹತ್ತಿದರೆ ಸಾಕು.

ಈಗ ಕಾಡು. ನನಗೆ ಹೇಳೋಕೆ ಜಾಸ್ತಿ ಇರೋದು ಇಲ್ಲೇ.

ಕಬಿನಿ ರಿವರ್ ಲಾಡ್ಜ್ ಮೈಸೂರು ಮಹಾರಾಜರ ಬೇಟೆಯ ಬಂಗಲೆಯಿದ್ದ ಜಾಗ. ಈಗ ಅದನ್ನು ನಡೆಸೋದು 1980ರಲ್ಲಿ ಶುರುವಾದ ನಮ್ಮ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ. ಊಟ, ಸಫಾರಿ ಎಲ್ಲ ಒಂದೇ ದರದಲ್ಲಿ ಸೇರಿರುತ್ತದೆ. ಅಕ್ಕಪಕ್ಕದಲ್ಲಿ ಇದಕ್ಕಿಂತ ಎಷ್ಟೋ ದುಬಾರಿ ರೆಸಾರ್ಟ್‌ಗಳಿವೆ. ಆದರೆ ಅವುಗಳ ಅತಿಥಿಗಳೂ ಕಾಡಿಗೆ ಹೋಗೋದು ಇದೇ ಸಂಸ್ಥೆಯ ವಾಹನಗಳಲ್ಲಿ. ದುಡ್ಡು ಜಾಸ್ತಿ ಕೊಟ್ಟರೆ ರೂಮು ದೊಡ್ಡದಾಗುತ್ತೆ, ಹುಲಿ ಹತ್ತಿರ ಬರಲ್ಲ. ಪ್ರಾಣಿ ನೋಡಲು ಹೋಗುವವರು ಇದನ್ನು ತಿಳಿದಿರಬೇಕು.

ಕಬಿನಿಯ ಜೀವ ಇರೋದು ಹಿನ್ನೀರಿನಲ್ಲಿ. 1974ರಲ್ಲಿ ಅಣೆಕಟ್ಟು ಮುಗಿದಾಗ ನಾಗರಹೊಳೆ, ಬಂಡೀಪುರಗಳ ನಡುವಿನ ಕಾಡು ಮುಳುಗಿತು. ಬೇಸಿಗೆಯಲ್ಲಿ ಕಾಡಿನ ಒಳಗಿನ ಕೆರೆಗಳು ಒಣಗುತ್ತವೆ. ಆಗ ನೀರು ಇಳಿದ ಬಯಲಿನಲ್ಲಿ ಎಳೆ ಹುಲ್ಲು ಏಳುತ್ತದೆ. ಮಾರ್ಚ್‌ನಿಂದ ಮೇವರೆಗೆ ಎರಡೂ ಕಡೆಯ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ. ಒಂದು ಸಂಜೆ ಬೋಟ್ ಸಫಾರಿಯಲ್ಲಿ ಒಂದು ಹೆಣ್ಣಾನೆಯ ಹತ್ತಿರವೇ ದೋಣಿ ನಿಲ್ಲಿಸಿದ್ದರು. ಅದು ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡ ಒದ್ದು ಸಡಿಲ ಮಾಡುತ್ತಿತ್ತು. ಸೊಂಡಿಲಲ್ಲಿ ಸುತ್ತಿ ಕೀಳುತ್ತಿತ್ತು. ಬಾಯಿಗೆ ಹಾಕುವ ಮುಂಚೆ ಮೊಣಕಾಲಿಗೆ ಎರಡು ಸಲ ಬಡಿದು ಮಣ್ಣು ಉದುರಿಸುತ್ತಿತ್ತು. ಪಕ್ಕದಲ್ಲಿದ್ದ ಮರಿ ತಾನೂ ಹಾಗೇ ಮಾಡಲು ನೋಡಿತು. ಹುಲ್ಲು ಸೊಂಡಿಲಿನಿಂದ ಜಾರಿ ಜಾರಿ ಬಿತ್ತು. ಕೊನೆಗೆ ತಾಯಿಯ ಬಾಯಿಂದಲೇ ಒಂದು ಎಳೆ ಕಿತ್ತುಕೊಂಡಿತು. ಅತ್ತೆ ಕೈ ಮುಗಿದುಬಿಟ್ಟರು.

ಜೀಪಿನ ಸಫಾರಿ ಬೇರೆ ಥರ. ಅದು ಕಿವಿಯ ಕೆಲಸ. ಜಿಂಕೆ ಕೂಗಿತೋ, ಮುಸುವ ಕೆಮ್ಮಿತೋ ಅಂತ ಕಾಯೋದು. "ಕಾಲ್ ಬರ್ತಿದೆ ಅಮ್ಮಾವ್ರೇ, ಒಂದ್ನಿಮಿಷ ಸುಮ್ನಿರಿ" ಅಂತ ಚಾಲಕ ಇಂಜಿನ್ ಆಫ್ ಮಾಡಿದರು. ಲಂಟಾನ ಪೊದೆಯ ಆಚೆ ಯಾವುದೋ ಹುಲಿ ನಡೆದು ಹೋಯಿತು. ನಮಗೆ ಕಾಣಲಿಲ್ಲ. ಮಾರನೇ ದಿನ ಸೀಳುನಾಯಿಗಳ ಗುಂಪು ಸಿಕ್ಕಿತು, ಕಾಟಿ ಸಿಕ್ಕಿತು. ಇಷ್ಟೇ ಅಂತ ಬೇಜಾರಾಗುವವರು ಇದ್ದಾರೆ. ನನಗೆ ಆ ಕಾಯುವಿಕೆಯೇ ಇಷ್ಟ.

ಕಿನಬತಂಗನ್‌ನಲ್ಲಿ ಜೀಪ್ ಇಲ್ಲ, ಎಲ್ಲ ದೋಣಿಯೇ. 560 ಕಿಲೋಮೀಟರ್ ಉದ್ದದ ಕಂದು ಬಣ್ಣದ ನದಿ. ಬೆಳಿಗ್ಗೆ ಮಂಜಿನಲ್ಲಿ ಒಂದು ಸುತ್ತು, ಸಂಜೆ ಒಂದು ಸುತ್ತು, ಬೇಕಿದ್ದರೆ ರಾತ್ರಿಯೂ. ಸುಕಾವ್ ಪಕ್ಕದ ಮೆನಂಗುಲ್ ಅನ್ನೋ ಕಿರುಹೊಳೆಗೆ ತಿರುಗಿದಾಗ ನಮ್ಮ ದೋಣಿಯವರು ಪೆಟ್ರೋಲ್ ಇಂಜಿನ್ ನಿಲ್ಲಿಸಿ ಬ್ಯಾಟರಿ ಮೋಟಾರ್ ಹಾಕಿದರು. ಆಮೇಲೆ ಎಲೆಯಿಂದ ನೀರು ತೊಟ್ಟಿಕ್ಕುವ ಸದ್ದೂ ಕೇಳಿಸಿತು. ಬೋರ್ನಿಯೊದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಪ್ರೊಬೊಸಿಸ್ ಮಂಗಗಳು ರಾತ್ರಿ ಮಲಗಲು ನದಿ ದಡದ ಮರಗಳಿಗೇ ಬರುತ್ತವೆ. ಗಂಡಿನ ಮೂಗು ಬಾಯಿಯ ಮೇಲೆ ಜೋತು ಬಿದ್ದಿರುತ್ತದೆ. ನೀರಿನಲ್ಲಿ ಮೊಸಳೆ ಇರುವುದರಿಂದ ಹೊಳೆ ಕಿರಿದಾಗಿರುವ ಕಡೆ ಹಾರಿ ದಾಟುತ್ತವೆ. ದೊಡ್ಡ ಗಂಡೊಂದು ಕೊಂಬೆ ಜಗ್ಗಿ ಜಗ್ಗಿ ನೋಡಿ, ಹೊಟ್ಟೆ ಮುಂದು ಮಾಡಿ ನಮ್ಮ ತಲೆಯ ಮೇಲೇ ಹಾರಿ ಎದುರು ಮರದ ಸೊಪ್ಪಿನೊಳಗೆ ದಢಾರನೆ ಬಿತ್ತು. ಹಿಂದೆಯೇ ಹೆಣ್ಣುಗಳು ಹಾರಿದವು, ಒಂದರ ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು. ಒರಾಂಗುಟಾನ್ ಕೂಡ ಕಂಡಿತು, ಅಂಜೂರದ ಜಾತಿಯ ಮರವೊಂದರ ತುದಿಯಲ್ಲಿ. ಆನೆ ಸಿಗಲಿಲ್ಲ. ಬೋರ್ನಿಯೊದ ಆನೆ ನಮ್ಮದಕ್ಕಿಂತ ಚಿಕ್ಕದು, ಅಲ್ಲಿ ಅದು ಸಿಗೋದು ಪೂರ್ತಿ ಅದೃಷ್ಟ.

ಒಂದು ವಿಷಯ ಗಮನಿಸಬೇಕು. ಎರಡೂ ಕಡೆ ಪ್ರಾಣಿಗಳು ಇಷ್ಟು ಸುಲಭವಾಗಿ ಕಾಣೋದಕ್ಕೆ ಮನುಷ್ಯನೇ ಕಾರಣ. ಕಬಿನಿಯಲ್ಲಿ ಅಣೆಕಟ್ಟು ಕಾಡು ಮುಳುಗಿಸಿ ಹುಲ್ಲುಗಾವಲು ಮಾಡಿತು. ಕಿನಬತಂಗನ್‌ನಲ್ಲಿ ನದಿಯ ಪಕ್ಕದಲ್ಲಿ ಕಾಡಿನ ಒಂದು ಪಟ್ಟಿ ಮಾತ್ರ ಉಳಿದಿದೆ, ಅದರ ಹಿಂದೆಲ್ಲ ಎಣ್ಣೆ ತಾಳೆ ತೋಟ. ಪ್ರಾಣಿಗಳಿಗೆ ಬೇರೆ ಜಾಗವಿಲ್ಲ, ದಡಕ್ಕೆ ಬಂದು ನಿಂತಿವೆ. ಸೆಂಪೊರ್ನದಿಂದ ಬರುವಾಗ ಗಂಟೆಗಟ್ಟಲೆ ಕಿಟಕಿಯಾಚೆ ಒಂದೇ ಜಾತಿಯ ಮರ ನೋಡಿದ್ದೆವಲ್ಲ, ಆ ನದಿಯ ಮೇಲೆ ಕೂತಾಗ ಅದರ ಅರ್ಥ ಆಯ್ತು. ಮಗಳು ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಪಾಮ್ ಎಣ್ಣೆ ಇದೆಯಾ ಅಂತ ಓದೋದು ಶುರು ಮಾಡಿದ್ದು ಅವತ್ತಿನಿಂದ.

ಕಾಡಿನ ಲೆಕ್ಕದಲ್ಲಿ ನನ್ನ ಮತ ಕಬಿನಿಗೇ, ಬೇಸಿಗೆಯಲ್ಲಿ ಹೋದರೆ. ಅಷ್ಟು ಆನೆಗಳನ್ನು ಒಟ್ಟಿಗೆ ನೋಡುವ ಜಾಗ ಬೇರೆ ಸಿಗೋದು ಕಷ್ಟ. ಹೊರಡುವ ಮೊದಲು ಸಫಾರಿ ನಡೀತಿದೆಯಾ ಅಂತ ಮಾತ್ರ ಫೋನ್ ಮಾಡಿ ಕೇಳಿಕೊಳ್ಳಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳ ಜನರ ಮೇಲೆ ಹುಲಿ ದಾಳಿಗಳಾದ ಮೇಲೆ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು.

ಕಡಲಿನ ಲೆಕ್ಕ ಬೇರೆ. ಹ್ಯಾವ್‌ಲಾಕ್‌ನ ರಾಧಾನಗರ ಬೀಚ್ ಬಿಳಿ ಮರಳು, ಹಿಂದೆ ಎತ್ತರದ ಕಾಡು. ಮರಳಿನ ಮೇಲೆ ನಿಂತರೂ ಕಾಡಿನ ನೆರಳು ಸಿಗುತ್ತದೆ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಪೂರ್ವದವನು. ಚಳಿಗಾಲದಲ್ಲಿ ಸಂಜೆ ಐದೂಕಾಲರ ಹೊತ್ತಿಗೆಲ್ಲ ಮುಳುಗಿಬಿಡುತ್ತಾನೆ, ಮಧ್ಯಾಹ್ನ ಮಲಗಿ ಎದ್ದು ಹೋದರೆ ಕತ್ತಲು. ರೆಸಾರ್ಟ್ ಆರಿಸುವಾಗ ಇನ್ನೊಂದು ವಿಷಯ ಕೇಳಿ. ಪೂರ್ವ ದಡದ ವಿಜಯನಗರ ಕಡೆ ಇಳಿತದಲ್ಲಿ ನೀರು ಬಹಳ ದೂರ ಹೋಗುತ್ತದೆ, ಕಲ್ಲು ಹವಳ ಎಲ್ಲ ಹೊರಗೆ ಬರುತ್ತದೆ, ಈಜೋಕಾಗಲ್ಲ. ನೋಡಲು ಚೆಂದ, ಆದರೆ ಈಜಲು ರಾಧಾನಗರವೇ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆ ಇದೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲೇ ಒಬ್ಬ ಪ್ರವಾಸಿಯನ್ನು ಕೊಂದಿತ್ತು. ಜೀವರಕ್ಷಕರು ಬೇಡ ಅಂದ ಕಡೆ ಇಳಿಯಬೇಡಿ. ಈಜು ಬಾರದ ನಮ್ಮವರು ತರಬೇತುದಾರರ ಕೈ ಹಿಡಿದು ಸ್ಕೂಬಾ ಮಾಡಿದರು. ಅದಕ್ಕೆ ಈಜು ಬರಬೇಕಿಲ್ಲ, ಹತ್ತು ವರ್ಷ ತುಂಬಿರಬೇಕು, 12 ಮೀಟರ್‌ಗಿಂತ ಆಳಕ್ಕೆ ಕರೆದೊಯ್ಯುವುದಿಲ್ಲ.

ಮಬುಲ್‌ನ ನೀರಿನೊಳಗಿನ ಲೋಕ ಇದಕ್ಕಿಂತ ಮೇಲು, ಅದರಲ್ಲಿ ಅನುಮಾನ ಇಲ್ಲ. ಜೆಟ್ಟಿಯಿಂದ ಇಳಿದ ಕೂಡಲೇ ಆಮೆ. ಗಿಳಿಮೀನು ಹವಳ ಕಡಿಯುವ ಕಟಕಟ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಹತ್ತಿರದ ಸಿಪದಾನ್ ದ್ವೀಪ ಸಮುದ್ರದ ತಳದಿಂದ 600 ಮೀಟರ್ ಎದ್ದು ನಿಂತಿದೆ. ಅಲ್ಲಿದ್ದ ರೆಸಾರ್ಟ್‌ಗಳನ್ನು ಹವಳ ಉಳಿಸಲು 2004ರಲ್ಲಿ ತೆರವು ಮಾಡಿಸಿದರು, ಈಗ ಹಗಲು ಹೋಗಿ ಬರಬೇಕು, ದಿನಕ್ಕೆ ಇಂತಿಷ್ಟೇ ಪರವಾನಗಿ. ಆದರೆ ಮಬುಲ್ ದಡ ನನಗೆ ನೆಮ್ಮದಿ ಕೊಡಲಿಲ್ಲ. ನಾವಿದ್ದ ಕಡೆ ಭರತ ಬಂದಾಗಲೆಲ್ಲ ಪ್ಲಾಸ್ಟಿಕ್ ತೇಲಿ ಬರುತ್ತಿತ್ತು. ರೆಸಾರ್ಟ್ ಬೇಲಿಯ ಆಚೆಗೇ ಬಜಾವ್ ಜನರ ಕಂಬದ ಮನೆಗಳು. ಅವರ ಮಕ್ಕಳು ದೋಣಿಯಲ್ಲಿ ಬಂದು ತಿಂಡಿ ಕೇಳುತ್ತಾರೆ. ಒಂದು ಕಡೆ ಎಸಿ ಕೋಣೆ, ಇನ್ನೊಂದು ಕಡೆ ಆ ಬದುಕು. ಕಾವಲಿಗೆ ಬಂದೂಕು ಹಿಡಿದವರೂ ಇದ್ದರು. 2000ರಲ್ಲಿ ಸಿಪದಾನ್‌ನಿಂದ ಉಗ್ರರು ಪ್ರವಾಸಿಗರನ್ನು ಅಪಹರಿಸಿದ್ದರು, ಆ ಕರಾವಳಿಯಲ್ಲಿ ಭದ್ರತೆ ಇಂದಿಗೂ ಬಿಗಿ. ಡೈವಿಂಗ್ ಮಾಡದವರು ಮಬುಲ್‌ಗೆ ಹೋಗಬೇಕಾದ ಅಗತ್ಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಊಟದಲ್ಲಿ ಕಬಿನಿ–ಹ್ಯಾವ್‌ಲಾಕ್ ಪೂರ್ತಿ ನಿಶ್ಚಿಂತೆ. ಹ್ಯಾವ್‌ಲಾಕ್‌ನಲ್ಲಿ ಬಂಗಾಳಿ ಕುಟುಂಬಗಳು ಜಾಸ್ತಿ, ಅನ್ನ, ಬೇಳೆ, ಪಲ್ಯ ಎಲ್ಲೆಡೆ ಸಿಗುತ್ತೆ, ದೋಸೆಯೂ ಸಿಗುತ್ತೆ. ಸಬಾದಲ್ಲಿ ಸಸ್ಯಾಹಾರಿಗಳು ಹುಷಾರು. ಲಾಡ್ಜ್‌ಗೆ ಮುಂಚೆಯೇ ತಿಳಿಸಿದ್ದರೂ ಬಳ್ಳಿಸೊಪ್ಪಿನ ಪಲ್ಯಕ್ಕೆ ಬೆಲಚಾನ್ ಹಾಕಿದ್ದರು. ಅದು ಒಣಸಿಗಡಿಯ ಮುದ್ದೆ, ಅಲ್ಲಿ ಸೊಪ್ಪಿನ ಪಲ್ಯಕ್ಕೆ ಹಾಕೋದು ರೂಢಿ. "ಮಾಂಸ ಬೇಡ" ಅಂದರೆ ಸಾಲದು, ಬೆಲಚಾನ್ ಬೇಡ ಅಂತ ಹೆಸರು ಹಿಡಿದು ಹೇಳಬೇಕು. ನಮ್ಮನ್ನು ಕಾಪಾಡಿದ್ದು ಮನೆಯಿಂದ ಒಯ್ದ ಚಟ್ನಿಪುಡಿ, ಅವಲಕ್ಕಿ.

ಖರ್ಚು ಬೋರ್ನಿಯೊದಲ್ಲಿ ನಮಗೆ ಹತ್ತಿರಹತ್ತಿರ ಎರಡು ಪಟ್ಟಾಯಿತು, ಜಾಸ್ತಿ ಹೋಗಿದ್ದು ವಿಮಾನಕ್ಕೆ, ಡೈವಿಂಗ್‌ಗೆ. ಭಾರತೀಯರಿಗೆ ಮಲೇಷ್ಯಾ ವೀಸಾ 2023ರ ಡಿಸೆಂಬರ್‌ನಿಂದ ಬೇಕಿಲ್ಲ, 30 ದಿನ ಇರಬಹುದು. ಈ ಸೌಲಭ್ಯ ಘೋಷಿಸಿರೋದು 2026ರ ಕೊನೆಯವರೆಗೆ.

ಕಾಲ ನೋಡಿಯೇ ಆರಿಸಬೇಕಾದವರಿಗೆ ಇಷ್ಟು ಹೇಳಬಲ್ಲೆ. ಕಬಿನಿಯ ಆನೆ, ಅಂಡಮಾನಿನ ಶಾಂತ ಸಮುದ್ರ ಎರಡೂ ಒಟ್ಟಿಗೆ ಸಿಗೋದು ಮಾರ್ಚ್, ಏಪ್ರಿಲ್‌ನಲ್ಲಿ. ಮೇ ನಡುವೆ ಅಂಡಮಾನಿಗೆ ಮುಂಗಾರು ಬರುತ್ತೆ, ದೋಣಿಗಳು ರದ್ದಾಗೋದು ಸಾಮಾನ್ಯ. ಕಿನಬತಂಗನ್‌ಗೆ ಡಿಸೆಂಬರ್, ಜನವರಿ ಮಳೆಗಾಲ, ಪ್ರವಾಹವೂ ಬರುತ್ತೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಚೆನ್ನಾಗಿರುತ್ತೆ. ನಮ್ಮಲ್ಲಿ ಮಳೆ ಸುರಿಯುವಾಗ ಅಲ್ಲಿ ನದಿ ಸುತ್ತಬಹುದು. ನಮ್ಮವರಿಗೆ ಆಗಸ್ಟ್‌ನಲ್ಲಿ ರಜೆ ಸಿಗುವ ಹಾಗಿದೆ. ಈ ಸಲ ಮಬುಲ್ ಬಿಟ್ಟು, ಸಂದಕಾನ್ ಪಕ್ಕದ ಆಮೆಗಳ ದ್ವೀಪ ಸೆಲಿಂಗಾನ್‌ನಲ್ಲಿ ಒಂದು ರಾತ್ರಿ ಉಳಿದು, ಅಲ್ಲಿಂದ ಸುಕಾವ್‌ಗೆ ಹೋಗೋಣ ಅಂತಿದ್ದೇವೆ. ಆ ಅರ್ಧ ದಿನದ ರಸ್ತೆಯೂ ಉಳಿಯುತ್ತೆ, ರಾತ್ರಿ ದಡಕ್ಕೆ ಬಂದು ಮೊಟ್ಟೆ ಇಡುವ ಆಮೆಗಳನ್ನೂ ನೋಡಬಹುದು.